‘ಮೊಟ್ಟಮೊದಲ ಬಾರಿಗೆ’ ಅಂದರೆ ಯಾರಿಗೆ?

ಭಾನುವಾರ ಬೆಳಿಗ್ಗೆ ತಂಗಿ ನಮ್ಮ ಮನೆ ಗುಂಪಿಗೆ ಪೋಸ್ಟರ್ ಹಾಕಿದಳು. ‘ಕನ್ನಡದಲ್ಲಿ ಮೊಟ್ಟಮೊದಲ ಬಾರಿಗೆ! ಬರೆದಿಟ್ಟ ಮಾತಿಲ್ಲದ ನಾಟಕ. ಹೊಸ ಇಂಪ್ರೊವ್ ತಂಡ. ಟಿಕೆಟ್ ₹200.’ ಐದು ನಿಮಿಷ ಬರೀ ಚಪ್ಪಾಳೆ, ಹೂವು. ನಾನು ಷಿಕಾಗೊದಲ್ಲಿ ಮಲಗುವ ಹೊತ್ತು. ಮಲಗಲು ಬಿಡಲಿಲ್ಲ.

ಅತ್ತೆ: ನಾಟಕ ಕಂಪನಿ ಶುರು ಮಾಡಿದೆಯಾ? ಹಾಗಾದರೆ ಆಫೀಸು ಬಿಟ್ಟೆಯಾ?

ತಂಗಿ: ಇಲ್ಲ ಅತ್ತೆ. ವಾರದ ಕೊನೆಗೆ ಮಾತ್ರ. ಆರು ಜನ ಇದ್ದೇವೆ.

ಅಪ್ಪ: ಹಾಲ್ ಬಾಡಿಗೆ?

ತಂಗಿ: 6,000. ಕುರ್ಚಿ 60. ಅರ್ಧ ತುಂಬಿದರೂ ಬಾಡಿಗೆ ಹುಟ್ಟುತ್ತದೆ ಅಪ್ಪ.

ಅಪ್ಪ: ಅರ್ಧ ತುಂಬದಿದ್ದರೆ?

ತಂಗಿ: 🙈

ದೊಡ್ಡಪ್ಪ: ‘ಮೊಟ್ಟಮೊದಲ ಬಾರಿಗೆ’ ಅಂತ ಬರೆದವರು ಯಾರು?

ತಂಗಿ: ನಾನೇ ದೊಡ್ಡಪ್ಪ. ಯಾಕೆ?

ದೊಡ್ಡಪ್ಪ: ನಿನ್ನಜ್ಜ ಇದೇ ಜಗಲಿಯಲ್ಲಿ ಕೂತು ಯಕ್ಷಗಾನ ತಾಳಮದ್ದಳೆಯಲ್ಲಿ ಪಾತ್ರವಾಗಿ ಅರ್ಥ ಹೇಳುತ್ತಿದ್ದರು. ಮೂವತ್ತು ವರ್ಷ ನಾನೂ ಹೇಳಿದ್ದೇನೆ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಆ ಮಾತು ನಮಗೆ ಬರೆದುಕೊಟ್ಟವರು ಯಾರು?

ತಂಗಿ: ಅದು ಬೇರೆ ಅಲ್ವಾ? ನಿಮಗೆ ಕಥೆ ಗೊತ್ತು, ಭಾಗವತರು ಹಾಡುವ ಪದ್ಯ ಇದೆ. ನಮಗೆ ಏನೂ ಇಲ್ಲ. ಜನ ಒಂದು ಪದ ಕೊಡುತ್ತಾರೆ, ಅಲ್ಲಿಂದ ಶುರು.

ದೊಡ್ಡಪ್ಪ: ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಸಾಯುವ ಮೊದಲು ಏನು ಕೇಳುತ್ತಾನೆ ಅಂತ ರಾಮನಿಗೆ ಗೊತ್ತಿರುವುದಿಲ್ಲ.

ನಾನು: ಇವಳದ್ದು ಬೇರೆ ದಾರಿ ದೊಡ್ಡಪ್ಪ. ಈ ಊರಲ್ಲಿ ವಯೋಲಾ ಸ್ಪೋಲಿನ್ ಅನ್ನುವವರು ವಲಸೆ ಬಂದವರ ಮಕ್ಕಳಿಗಾಗಿ ನಟನೆಯ ಆಟಗಳನ್ನು ಕಟ್ಟಿದರು. ಅವರ ಮಗ ಇನ್ನಿಬ್ಬರ ಜೊತೆ 1959ರಲ್ಲಿ ಸೆಕೆಂಡ್ ಸಿಟಿ ಅನ್ನುವ ಇಂಪ್ರೊವ್ ನಾಟಕ ಕಂಪನಿ ಶುರು ಮಾಡಿದರು. ಇವತ್ತಿಗೂ ನಡೆಯುತ್ತಿದೆ.

ದೊಡ್ಡಪ್ಪ: 1959ಕ್ಕೆ ನಮ್ಮಪ್ಪ ಎರಡು ರಾತ್ರಿ ಕೃಷ್ಣ ಆಗಿದ್ದರು.

(ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.)

ಅತ್ತೆ: ಮಾತೇ ಬರೆದಿಲ್ಲ ಅಂದರೆ ಅಭ್ಯಾಸ ಏನು ಮಾಡುತ್ತೀರಿ? ಸುಮ್ನೆ ಹರಟೆನಾ?

ತಂಗಿ: ಎರಡು ತಿಂಗಳಿಂದ ವಾರಕ್ಕೆ ಎರಡು ಸಂಜೆ ಮಾಡುತ್ತಿದ್ದೇವೆ. ಒಂದು ಆಟ ಹೇಳುತ್ತೇನೆ. ನೀವು ಹೇಳಿದ ಕೊನೆಯ ಪದದಿಂದಲೇ ನನ್ನ ಮಾತು ಶುರುವಾಗಬೇಕು. ಹಾಗಾಗಿ ನೀವು ಮುಗಿಸುವ ತನಕ ನಾನು ಕೇಳಲೇಬೇಕು.

ಅತ್ತೆ: ಇದು ಅಂತ್ಯಾಕ್ಷರಿ!

ತಂಗಿ: 😂 ಇನ್ನೊಂದು. ಜೊತೆಯವನು ‘ನೀನು ನನ್ನ ಅಜ್ಜಿ’ ಅಂದರೆ ನಾನು ಅಜ್ಜಿಯೇ. ಅಲ್ಲ ಅನ್ನುವ ಹಾಗಿಲ್ಲ. ತಾಳಮದ್ದಳೆಯಲ್ಲಿ ಎದುರಿನವನ ಮಾತು ಕತ್ತರಿಸಿದವನೇ ಗೆದ್ದ. ನಮ್ಮಲ್ಲಿ ಕತ್ತರಿಸಿದರೆ ಆಟ ಸತ್ತಿತು. ಅದಕ್ಕೇ ಬೇರೆ ಅಂದದ್ದು.

ದೊಡ್ಡಪ್ಪ: ಕತ್ತರಿಸುವುದಕ್ಕೂ ಮೊದಲು ಕೇಳಿಸಿಕೊಳ್ಳಬೇಕು ಮಗಾ. ಕೇಳದೆ ತನ್ನ ಪಾಠ ಒಪ್ಪಿಸಿದವನನ್ನು ಮುಂದಿನ ಕೂಟಕ್ಕೆ ಯಾರೂ ಕರೆಯುವುದಿಲ್ಲ. ಒಂದು ಸಲ ನಾನು ರಾಮ. ವಾಲಿ ಆದವರು ಹಳೆಯ ಹುಲಿ. ಮರದ ಮರೆಯ ಪ್ರಶ್ನೆ ಬರುತ್ತದೆ ಅಂತ ಉತ್ತರ ಕಟ್ಟಿಕೊಂಡು ಹೋಗಿದ್ದೆ. ಅವರು ಅದನ್ನು ಕೇಳಲೇ ಇಲ್ಲ. ‘ನಿನ್ನ ಹೆಂಡತಿಯನ್ನು ಹುಡುಕಿಕೊಡು ಅಂತ ನನ್ನನ್ನೇ ಕೇಳಬಹುದಿತ್ತಲ್ಲ?’ ಅಂದರು, ಮೆಲ್ಲಗೆ. ನನ್ನ ಬಾಯಿ ಕಟ್ಟಿಹೋಯಿತು. ಎಲೆಅಡಿಕೆ ತಟ್ಟೆ ನೋಡುತ್ತಾ ಕೂತೆ. ಭಾಗವತರಿಗೆ ಗೊತ್ತಾಯಿತು. ಮುಂದಿನ ಪದ್ಯ ಎತ್ತಿಬಿಟ್ಟರು. ಬದುಕಿದೆ.

ತಂಗಿ: ಅಯ್ಯೋ ದೊಡ್ಡಪ್ಪ!! ನಮ್ಮಲ್ಲೂ ಇದೇ ಇದೆ. ಒಬ್ಬ ಸಿಕ್ಕಿಹಾಕಿಕೊಂಡರೆ ಇನ್ನೊಬ್ಬ ರಂಗದ ಮುಂದೆ ಅಡ್ಡ ಓಡುತ್ತಾನೆ. ಆ ದೃಶ್ಯ ಅಲ್ಲಿಗೆ ಮುಗಿಯಿತು, ಹೊಸದು ಶುರು.

ದೊಡ್ಡಪ್ಪ: ಓಡುವುದು ಯಾಕೆ? ಹಾಡಬಾರದಾ?

ತಂಗಿ: ನಮ್ಮಲ್ಲಿ ಹಾಡುವವರು ಇಲ್ಲ.

ದೊಡ್ಡಪ್ಪ: ಅದು ಕೊರತೆಯೇ. ಆ ‘ಮೊಟ್ಟಮೊದಲ’ ತೆಗೆ.

ತಂಗಿ: ತೆಗೆಯುತ್ತೇನೆ. ಆದರೆ ನೂರು ಪ್ರತಿ ಪ್ರಿಂಟ್ ಆಗಿಹೋಗಿದೆ 😭

ಅಪ್ಪ: ಅದರ ಮೇಲೆ ಚೀಟಿ ಅಂಟಿಸು. ‘ನಮ್ಮ ತಂಡದ ಮೊದಲ ಆಟ’ ಅಂತ. ಪ್ರಿಂಟಿಗೆ ಎಷ್ಟಾಯಿತು?

ಅತ್ತೆ: ಅವಳಿಗೆ ಮೊದಲು ತಿಂಡಿ ತಿನ್ನಲು ಬಿಡಿ.

ದೊಡ್ಡಪ್ಪ: ₹200 ಜಾಸ್ತಿ ಆಯಿತು. ಇರಲಿ, ಎರಡು ಟಿಕೆಟ್ ತೆಗೆದಿಡು. ಅವತ್ತು ಪ್ರಸಂಗ ಯಾವುದು?

ತಂಗಿ: ಅದನ್ನು ನೀವೇ ಬಂದು ಹೇಳಬೇಕು ದೊಡ್ಡಪ್ಪ.

ದೊಡ್ಡಪ್ಪ ಟೈಪ್ ಮಾಡುತ್ತಲೇ ಇದ್ದರು. ತುಂಬಾ ಹೊತ್ತಾದರೂ ಏನೂ ಬರಲಿಲ್ಲ. ನಾನು ಫೋನ್ ಬದಿಗಿಟ್ಟು ಮಲಗಿದೆ.