ಗೋಡೆಗೆ ‘ಅರ್ತ್ ಬರ್ತಿದೆ’ ಎಂದರೆ ಅರ್ತ್ ಇದೆಯೋ, ಇಲ್ಲವೋ?

ಪ್ರಶ್ನೆ

ತೀರ್ಥಹಳ್ಳಿ ಕಡೆಯ ಒಂದು ಹೊಸ ಮನೆಗೆ ವೈರಿಂಗ್ ಕರಾರನ್ನು ಕನ್ನಡದಲ್ಲೇ ಬರೆಯಬೇಕಾಗಿದೆ. ಮೇಸ್ತ್ರಿ, ವೈರ್‌ಮನ್, ಮನೆ ಯಜಮಾನರು ಮೂವರೂ ಓದಿ ಒಂದೇ ರೀತಿ ತಿಳಿದುಕೊಳ್ಳಬೇಕು. ಮೂರು ಕಡೆ ಕೈ ನಿಂತಿದೆ.

ಮೊದಲನೆಯದು ‘ಅರ್ತ್’, ಎಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಸಂಪರ್ಕ. ‘ಬಚ್ಚಲ ಗೋಡೆಗೆ ಅರ್ತ್ ಬರ್ತಿದೆ’ ಎನ್ನುವುದು ದೂರು. ‘ಬಚ್ಚಲಿಗೆ ಅರ್ತ್ ಕೊಡಿ’ ಎನ್ನುವುದು ಅದಕ್ಕೆ ಪರಿಹಾರ. ರೋಗಕ್ಕೂ ಮದ್ದಿಗೂ ಒಂದೇ ಹೆಸರು ಹೇಗೆ ಬಂತು? ಬರೆಯುವಾಗ ಅರ್ತ್, ಅರ್ಥ್, ಭೂಸಂಪರ್ಕ, ಇವುಗಳಲ್ಲಿ ಯಾವುದನ್ನು ಹಿಡಿಯುವುದು? ಎರಡನೆಯದು, ‘ಎರಡೂವರೆ ಎಂಎಂ ವೈರು’ ಎಂದು ಬರೆದರೆ ತಪ್ಪಾಗುತ್ತದೆಯೆ? ಮೂರನೆಯದು, ‘ವಾರ್ಮ್ ಲೈಟ್’ ಎಂಬುದಕ್ಕೆ ‘ಬೆಚ್ಚನೆಯ ಬೆಳಕು’ ಒಪ್ಪುತ್ತದೆಯೆ?

ಒಂದನೆಯ ಉತ್ತರ

‘ಅರ್ತ್ ಬರ್ತಿದೆ’, ‘ಅರ್ತ್ ಹೊಡೀತಿದೆ’, ‘ಗ್ರೌಂಡ್ ಆಗಿದೆ’ ಎಲ್ಲವೂ ಒಂದೇ ದೂರು: ಮುಟ್ಟಬಾರದ ಕಡೆ ಕರೆಂಟ್ ಸಿಗುತ್ತಿದೆ. ‘ಅರ್ತ್ ಫಾಲ್ಟ್’, ‘ಅರ್ತ್ ಲೀಕೇಜ್’ ಎಂಬ ಜೋಡಿಪದಗಳ ಬಾಲ ಉದುರಿ ತಲೆ ಮಾತ್ರ ಉಳಿದಿರಬೇಕು. ‘ಮೊಬೈಲ್ ಫೋನ್’ ಬರೀ ‘ಮೊಬೈಲ್’ ಆದ ಹಾಗೆ.

ಆದರೆ ಗೋಡೆಗೆ ಬರುತ್ತಿರುವುದು ಅರ್ತ್ ಅಲ್ಲ, ಫೇಸ್ (ಕರೆಂಟ್ ತರುವ ತಂತಿಯದು). ಅದು ನೆಲಕ್ಕೆ ದಾರಿ ಹುಡುಕುತ್ತಿದೆ, ದಾರಿಯಲ್ಲಿ ನಮ್ಮ ಕೈ ಸಿಕ್ಕಿದೆ. ಇದಕ್ಕೆ ಕಾರಣ ಎರಡು ಬಗೆ. ಒಂದು ನಿಜವಾದ ಸೋರಿಕೆ. ಗೋಡೆಯೊಳಗಿನ ಪೈಪಿನಲ್ಲಿ ವೈರು ಸಾಲದೆ ಬಂದಾಗ ಅಲ್ಲೇ ಜಾಯಿಂಟ್ ಹಾಕಿ ಟೇಪು ಸುತ್ತಿ ಎಳೆದಿರುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸ್ಲ್ಯಾಬಿನ ಪೈಪಿಗೆ ನೀರಿಳಿಯುತ್ತದೆ, ಟೇಪು ಬಿಟ್ಟುಕೊಳ್ಳುತ್ತದೆ, ಒದ್ದೆ ಗೋಡೆಯೇ ತಂತಿಯಾಗುತ್ತದೆ. ಬೇಸಿಗೆಯಲ್ಲಿ ಇಲ್ಲದ ದೂರು ಮಳೆಗಾಲದಲ್ಲಿ ಹುಟ್ಟುವುದು ಹೀಗೆ. ಆದ್ದರಿಂದ ಕರಾರಿನಲ್ಲಿ ‘ಪೈಪಿನೊಳಗೆ ಜಾಯಿಂಟ್ ಇರಕೂಡದು, ಜಾಯಿಂಟ್ ಇದ್ದರೆ ಬಾಕ್ಸಿನಲ್ಲೇ ಇರಬೇಕು’ ಎಂಬ ಸಾಲು ಬೇಕೇ ಬೇಕು.

ಎರಡನೆಯ ಬಗೆ ಇನ್ನೂ ಸ್ವಾರಸ್ಯದ್ದು. ಕಂಪ್ಯೂಟರು, ಕೆಲವು ಎಲ್‌ಇಡಿ ಡ್ರೈವರುಗಳ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ (ಕರೆಂಟ್ ಮರಳುವ ತಂತಿ) ಲೋಹದ ಮೈಗೆ ಪುಟ್ಟ ಕೆಪಾಸಿಟರುಗಳನ್ನು ಕೊಟ್ಟಿರುತ್ತಾರೆ. ಪ್ಲಗ್ಗಿನ ಮೂರನೆಯ ಕಣ್ಣಿಗೆ ಅರ್ತಿನ ಹಸಿರು ವೈರು ಸೇರದಿದ್ದರೆ ಆ ಮೈ 230 ವೋಲ್ಟಿನ ಅರ್ಧದಷ್ಟರಲ್ಲಿ ತೇಲುತ್ತಿರುತ್ತದೆ. ಮುಟ್ಟಿದರೆ ಜುಮ್ ಎನ್ನುತ್ತದೆ, ಟೆಸ್ಟರ್ ಉರಿಯುತ್ತದೆ. ‘ಅರ್ತ್ ಬರ್ತಿದೆ’ ಎನ್ನುತ್ತಾರೆ. ನಿಜಕ್ಕೆ ಅಲ್ಲಿ ಅರ್ತ್ ಇಲ್ಲ! ‘ಬರ್ತಿದೆ’ ಎಂಬ ಮಾತನ್ನು ನಂಬಿ ಹಸಿರು ವೈರನ್ನೇ ಕಿತ್ತುಹಾಕಿದರೆ ಕೇಡು ಇಮ್ಮಡಿ. ಕೆಲವರು ಅದಕ್ಕಿಂತ ಕೆಟ್ಟ ಉಪಾಯ ಮಾಡುತ್ತಾರೆ: ಸಾಕೆಟ್ಟಿನಲ್ಲೇ ಅರ್ತ್ ಕಣ್ಣನ್ನು ನ್ಯೂಟ್ರಲ್‌ಗೆ ಸೇರಿಸಿಬಿಡುವುದು. ಅಲ್ಲಿಗೆ ಬರುವ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಗೀಸರಿನ ಮೈಗೆ ಪೂರ್ತಿ 230 ವೋಲ್ಟು.

ಬರಹದಲ್ಲಿ ‘ಅರ್ತ್’ ಎಂಬ ಪದವನ್ನು ಹಸಿರು ವೈರಿಗೂ ಅದು ಸೇರುವ ನೆಲದ ಗುಂಡಿಗೂ ಮಾತ್ರ ಮೀಸಲಿಡಿ. ದೋಷಕ್ಕೆ ‘ಸೋರಿಕೆ’ ಎನ್ನಿ. ಕಾಗುಣಿತದಲ್ಲಿ ‘ಅರ್ಥ್’ ಬೇಡ, ‘ಅರ್ಥ್ ಇಲ್ಲದ ವೈರಿಂಗ್’ ಎಂದು ಬರೆದರೆ ಓದುವವರು ನಗುತ್ತಾರೆ. ಪಠ್ಯಪುಸ್ತಕದ ‘ಭೂಸಂಪರ್ಕ ತಂತಿ’ ತಪ್ಪಲ್ಲ. ಆದರೆ ಅಂಗಡಿಯಲ್ಲಿ ಕೇಳಿದರೆ ಆ ಹೆಸರಿಗೆ ಯಾವ ಕಾಯಿಲೂ ಹೊರಬರುವುದಿಲ್ಲ.

ಗುಂಡಿಯ ವಿವರವೂ ಕರಾರಿನಲ್ಲಿರಲಿ. 40 ಮಿ.ಮೀ. ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಸುತ್ತ ಇದ್ದಿಲು–ಉಪ್ಪಿನ ಪದರ, ನೀರು ಹಾಕಲು ಮೇಲೊಂದು ಆಲಿಕೆ, ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ. ನಮ್ಮ ಜಂಬಿಟ್ಟಿಗೆ ನೆಲ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಆಗಸ್ಟ್‌ನಲ್ಲಿ ಅಳೆದರೆ ಚೆನ್ನಾಗಿ ಕಾಣುವ ಅರ್ತ್ ಏಪ್ರಿಲ್‌ನಲ್ಲಿ ಕೈಕೊಡುತ್ತದೆ. ಬಚ್ಚಲ ನೀರು ಹರಿದುಹೋಗುವ ಬಾಳೆ ಬುಡದ ಹತ್ತಿರ ಗುಂಡಿ ತೋಡಿ, ಬೇಸಿಗೆಯಲ್ಲಿ ಅಳೆಸಿ. 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು.

ಬಂದರೂ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬಿದ್ದು ಕಡಿಯುವ ಸ್ವಿಚ್) ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ. 230 ವೋಲ್ಟನ್ನು 5 ಓಮ್‌ನಿಂದ ಭಾಗಿಸಿದರೆ ನೆಲಕ್ಕೆ ಹರಿಯುವುದು 46 ಆಂಪ್. 16 ಆಂಪಿನ ‘ಬಿ’ ಜಾತಿಯ ಎಂಸಿಬಿ ತಟ್ಟನೆ ಬೀಳಬೇಕಾದರೆ 48ರಿಂದ 80 ಆಂಪ್ ಹರಿಯಬೇಕು, ‘ಸಿ’ ಜಾತಿಗೆ 80ರಿಂದ 160. ಅಂದರೆ ಗೀಸರಿನ ಮೈಗೆ ಫೇಸ್ ತಗುಲಿದ್ದರೂ ಅದು ಬಿಸಿಯಾಗಿ ಬೀಳುವ ತನಕ ಕಾಯುತ್ತದೆ. 30 ಮಿಲಿ ಆಂಪಿನ ಆರ್‌ಸಿಸಿಬಿ (ಹೋದ ಕರೆಂಟ್ ಪೂರ್ತಿ ಮರಳದಿದ್ದರೆ ಬೀಳುವ ಸ್ವಿಚ್) ಬೇಕಾಗುವುದು ಇದಕ್ಕೇ. ಅರ್ತ್ ಇದ್ದರೆ ಸೋರಿದ ಕೂಡಲೇ ಬೀಳುತ್ತದೆ, ಅರ್ತ್ ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ.

ಎರಡನೆಯ ಉತ್ತರ

ಮೇಲಿನವರ ಮಾತೆಲ್ಲ ಸರಿ, ‘ಸೋರಿಕೆ’ ಒಂದನ್ನು ಬಿಟ್ಟು. ಮಲೆನಾಡಿನಲ್ಲಿ ‘ಬಚ್ಚಲ ಗೋಡೆ ಸೋರಿಕೆ’ ಎಂದು ಬರೆದರೆ ಬರುವವನು ವೈರ್‌ಮನ್ ಅಲ್ಲ, ಸಿಮೆಂಟ್ ಕಲಸಿಕೊಂಡು ಗಾರೆಯವನು. ಇಲ್ಲಿ ಸೋರುವುದೆಂದರೆ ಮಾಡು, ಹಂಚು, ತಾರಸಿ. ‘ಕರೆಂಟ್ ಸೋರಿಕೆ’ ಎಂದು ಎರಡು ಪದ ಬರೆಯಿರಿ. ದೂರು ಕೊಡುವವರು ಕಾರಣದ ಹೆಸರು ಹೇಳುವುದಕ್ಕಿಂತ ಆದದ್ದನ್ನು ಹೇಳುವುದು ಮೇಲು. ‘ಜುಮ್ ಎನ್ನುತ್ತದೆ’ ಬೇರೆ, ‘ಶಾಕ್ ಹೊಡೆಯಿತು’ ಬೇರೆ. ವೈರ್‌ಮನ್‌ಗೆ ಈ ಎರಡು ಮಾತಿನಲ್ಲೇ ಅರ್ಧ ಪತ್ತೆ ಸಿಗುತ್ತದೆ.

ಇನ್ನು ‘ಎಂಎಂ’. ಮಾತಿನಲ್ಲಿ ನಡೆಯುತ್ತದೆ, ಬರಹದಲ್ಲಿ ತಪ್ಪು. 2.5 ಎನ್ನುವುದು ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ, ಚದರ ಮಿಲಿಮೀಟರಿನಲ್ಲಿ. ಒಂಟಿ ಎಳೆಯಾಗಿದ್ದರೆ ಅದರ ವ್ಯಾಸ 1.8 ಮಿ.ಮೀ. ಕೂಡ ಪೂರ್ತಿ ಬರುವುದಿಲ್ಲ. ವ್ಯಾಸವೇ 2.5 ಎಂದುಕೊಂಡರೆ ವಿಸ್ತೀರ್ಣ 4.9 ಆಗುತ್ತದೆ, ಹೆಚ್ಚುಕಡಿಮೆ ಎರಡು ಪಟ್ಟು. ‘2.5 ಚ.ಮಿ.ಮೀ.’ ಎಂದು ಬರೆದು, ಜೊತೆಗೆ ‘36/0.3’ ಎಂದೂ ಸೇರಿಸಿ. 0.3 ಮಿ.ಮೀ. ದಪ್ಪದ 36 ಎಳೆ ಎಂದು ಅರ್ಥ. ತುದಿ ಸುಲಿದು ಎಣಿಸಿದರೆ ಯಾರೂ ಮೋಸ ಮಾಡಲಾಗದು. 1.5ಕ್ಕೆ 22 ಎಳೆ, 4ಕ್ಕೆ 56.

ಹಳಬರು ‘ಮೂರು-ಇಪ್ಪತ್ತು’, ‘ಏಳು-ಇಪ್ಪತ್ತು’ ಎನ್ನುವುದು ಗೇಜಿನ ಲೆಕ್ಕ: 20ರ ಗೇಜಿನ ಮೂರು ಎಳೆ, ಏಳು ಎಳೆ. ಈಗಿನ ಲೆಕ್ಕದಲ್ಲಿ ಸುಮಾರು 2 ಮತ್ತು 4.6 ಚ.ಮಿ.ಮೀ. ಗೇಜಿನ ಅಂಕಿ ದೊಡ್ಡದಾದಷ್ಟೂ ತಂತಿ ಸಣ್ಣದು, ಆದ್ದರಿಂದ ‘ಮೂರು-ಇಪ್ಪತ್ತೆರಡು’ ಕೇಳಿದರೆ ಸಿಗುವುದು 1.2 ಮಾತ್ರ. ಪ್ಲಗ್ಗಿನ ‘ಐದು ಆಂಪ್, ಹದಿನೈದು ಆಂಪ್’ ಕೂಡ ಹಾಗೇ ಉಳಿದುಕೊಂಡಿರುವ ಮಾತು. ಈಗಿನ ಸಾಕೆಟ್ಟಿನ ಮೇಲಿರುವುದು 6 ಮತ್ತು 16. ದೀಪಕ್ಕೆ 1.5, 16ರ ಸಾಕೆಟ್ಟಿಗೆ 2.5, ದೊಡ್ಡ ಗೀಸರಿಗೆ, ಏಸಿಗೆ 4 ಎಂಬುದು ರೂಢಿ. ಎಂಸಿಬಿ ಕಾಯುವುದು ವೈರನ್ನು, ಗೀಸರನ್ನಲ್ಲ. ಮತ್ತೆ ಮತ್ತೆ ಬೀಳುತ್ತದೆಂದು ದೀಪದ ಸಾಲಿಗೆ 10ರ ಜಾಗದಲ್ಲಿ 32 ಹಾಕಿದರೆ ಮುಂದೆ ಬೀಳುವುದು ನಿಲ್ಲುತ್ತದೆ, ಪೈಪಿನೊಳಗೆ ವೈರು ಬೇಯುತ್ತದೆ.

ಮೂರನೆಯ ಉತ್ತರ

‘ಬೆಚ್ಚನೆಯ ಬೆಳಕು’ ಬೇಡ. ಡಬ್ಬದ ಮೇಲೆ ಅದಕ್ಕೆ 2700 ಅಥವಾ 3000 ಕೆಲ್ವಿನ್ ಎಂದಿರುತ್ತದೆ, ‘ತಣ್ಣನೆಯ’ದಕ್ಕೆ 6500. ಬೆಚ್ಚಗಿನದಕ್ಕೆ ಕಡಿಮೆ ಅಂಕಿ, ತಣ್ಣಗಿನದಕ್ಕೆ ಹೆಚ್ಚು! ಕಾದ ಲೋಹ ಮೊದಲು ಕೆಂಪಾಗಿ, ಮುಂದೆ ಬಿಳಿಯಾಗುವ ಲೆಕ್ಕದಲ್ಲಿ ಅದು ಸರಿ, ಕರಾರು ಓದುವವರಿಗೆ ಮಾತ್ರ ಗೊಂದಲ. ಅಂಗಡಿಯ ಮಾತೇ ಸಾಕು: ಹಳದಿ ಬೆಳಕು, ಬಿಳಿ ಬೆಳಕು. ಪಕ್ಕದಲ್ಲಿ 3000, 6500 ಎಂದು ಅಂಕಿ ಇರಲಿ, ಇಲ್ಲದಿದ್ದರೆ ‘ಹಳದಿ ಬಲ್ಬು’ ಎಂದು ಜಾತ್ರೆಯ ಸೀರಿಯಲ್ ಸೆಟ್ಟಿನ ಬಲ್ಬು ಬಂದೀತು. ನಡುಮನೆಗೆ ಹಳದಿ ಹಿತ. ಅಡಿಕೆ ಆರಿಸುವ ಜಗಲಿಗೆ ಹಳದಿ ಬೇಡ, ಬೆಟ್ಟೆ, ರಾಶಿ ಎಂಬ ಎರಡು ದರ್ಜೆಗಳೂ ಒಂದೇ ಕೆಂಪಾಗಿ ಕಾಣುತ್ತವೆ. ಅಲ್ಲಿಗೆ ಬಿಳಿ, ಅದರಲ್ಲೂ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆಂಬ ಅಂಕಿ) 90 ಇರುವುದು.

ಹಳಬರ ‘ಅರವತ್ತು ಕ್ಯಾಂಡ್ಲಿನ ಬಲ್ಬು’ ಎಂಬ ಮಾತನ್ನು ನೆನೆಯಬೇಕು. ವಾಟ್‌ಗೆ ಕ್ಯಾಂಡ್ಲು ಎನ್ನುವುದು ಲೆಕ್ಕದಲ್ಲಿ ತಪ್ಪು, ಆದರೆ ಮೇಣದ ಬತ್ತಿಯ ಅಳತೆ ಬೆಳಕಿನದು, ವಾಟ್ ತಿನ್ನುವ ಕರೆಂಟಿನದು. ಎಲ್‌ಇಡಿ ಬಂದ ಮೇಲೆ ಮತ್ತೆ ಬೆಳಕನ್ನೇ ಕೇಳಬೇಕಾಗಿದೆ. 9 ವಾಟಿನ ಒಳ್ಳೆಯ ಬಲ್ಬು ಸುಮಾರು 900 ಲುಮೆನ್ ಕೊಡುತ್ತದೆ. ಕರಾರಿನಲ್ಲಿ ಲುಮೆನ್ ಬರೆಯಿರಿ.

ನೀವು ಕೇಳದ ಒಂದು ಪದವಿದೆ, ಹೆಚ್ಚು ಜಗಳ ಅದರದ್ದೇ: ‘ಪಾಯಿಂಟ್’. ಕೂಲಿಯ ಲೆಕ್ಕ ಪಾಯಿಂಟಿಗಿಷ್ಟು ಎಂದಿರುತ್ತದೆ. ಬೋರ್ಡಿನಲ್ಲೇ ಇರುವ 6 ಆಂಪ್ ಪ್ಲಗ್ ಒಂದು ಪಾಯಿಂಟೋ, ದೀಪದ ಜೊತೆ ಸೇರಿದ್ದೋ? ಮೆಟ್ಟಿಲ ಕೆಳಗೊಂದು ಮೇಲೊಂದು ಸ್ವಿಚ್ ಇರುವ ಒಂದೇ ದೀಪ ಒಂದೋ, ಎರಡೋ? ಇಂತಿಷ್ಟೇ ಎಂಬ ನಿಯಮವಿಲ್ಲ, ಮೊದಲೇ ಬರೆದುಕೊಳ್ಳಬೇಕು. ಒಂದು ನಮೂನೆ: ‘ಬೋರ್ಡಿನಿಂದ ದೀಪದವರೆಗಿನ ಪೈಪು, ವೈರು, ಸ್ವಿಚ್, ಹೋಲ್ಡರ್ ಸೇರಿ ಒಂದು ಪಾಯಿಂಟ್. ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆ) ಬೋರ್ಡಿಗೆ ಬರುವ ಸಾಲು ಬೇರೆ, ಉದ್ದದ ಮೀಟರ್ ಲೆಕ್ಕ.’ ಮೆಟ್ಟಿಲ ದೀಪಕ್ಕೆ ಎರಡು ಸ್ವಿಚ್ಚಿನ ನಡುವೆ ಎರಡು ವೈರು ಹೆಚ್ಚಿಗೆ ಓಡುತ್ತವೆ, ಪೈಪೂ ಉದ್ದ. ಅದನ್ನು ಒಂದೂವರೆ ಪಾಯಿಂಟ್ ಎಂದು ಬರೆದುಕೊಂಡರೆ ಎರಡೂ ಕಡೆಯವರಿಗೆ ನಷ್ಟವಿಲ್ಲ.