ಮೈಲುತುತ್ತದ ಹಾಳೆ: ನಮ್ಮ ಮನೆತನದ ಗುಂಪಿನಲ್ಲಿ ನಡೆದ ಚರ್ಚೆ

ಅತ್ತೆ (ಕುಶಾಲನಗರ), ಬೇರೆ ಗುಂಪಿನಿಂದ ಬಂದದ್ದನ್ನು ರವಾನಿಸಿದ್ದು: ಎಲ್ಲ ತೋಟಗಾರರ ಗಮನಕ್ಕೆ. ನಾವು ಕಾಫಿಗೂ ಮೆಣಸಿನ ಬಳ್ಳಿಗೂ ಹೊಡೆಯುವ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ವಿಶ್ವಸಂಸ್ಥೆಯು 4ನೇ ದರ್ಜೆಯ ವಿಷವೆಂದು ಘೋಷಿಸಿದೆ. ಯುರೋಪಿನಲ್ಲಿ ಇದು ಸಂಪೂರ್ಣ ನಿಷೇಧ. ಜೊತೆಗಿರುವ ಹಾಳೆಯಲ್ಲಿ ಆಸಿಡ್ ಕೈಯನ್ನು ತಿನ್ನುತ್ತಿರುವ ಚಿತ್ರವನ್ನೂ ಸತ್ತ ಮೀನಿನ ಚಿತ್ರವನ್ನೂ ನೀವೇ ನೋಡಿ. ಎಲ್ಲರಿಗೂ ತಲುಪಿಸಿ.

ಅತ್ತೆ: ಈ ನೀಲಿ ಪುಡಿಯ ವಿಷಯದಲ್ಲಿ ನನಗೆ ಮೊದಲಿನಿಂದಲೂ ಭಯವಿತ್ತು. ತಮ್ಮಾ, ಈ ವರ್ಷವಾದರೂ ಅದನ್ನು ಹೊಡೆಸುವ ಮೊದಲು ಒಮ್ಮೆ ಯೋಚಿಸು.

ದೊಡ್ಡಪ್ಪ: ಕಾರ್ಖಾನೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಪ್ರತಿಯೊಂದು ಟ್ಯಾಂಕಿನ ಮೇಲೂ ಬಣ್ಣದ ಚೌಕದ ಫಲಕವಿರುತ್ತಿತ್ತು ಮತ್ತು ಅದರಲ್ಲಿ 4 ಎಂದು ಬರೆದಿದ್ದರೆ ಆ ಟ್ಯಾಂಕಿನ ಹತ್ತಿರಕ್ಕೂ ಯಾರನ್ನೂ ಬಿಡುತ್ತಿರಲಿಲ್ಲ. ಅಂತಹ ವಸ್ತುವನ್ನು ನಾವು ತೋಟದ ಲೈನ್ ಮನೆಯಲ್ಲಿರುವ ಕೂಲಿಯ ಹೆಂಗಸರು, ಗಂಡಸರ ಕೈಯಲ್ಲಿ ಕಲಸಿಸುತ್ತಿದ್ದೇವೆ. ಭೂಮಿಯಿಂದ ಪಡೆಯುವವರಿಗೆ ಭೂಮಿಯನ್ನು ಕಾಯುವ ಹೊಣೆಯೂ ಇರುತ್ತದೆ ಎಂಬುದನ್ನು ನಮ್ಮ ಅಪ್ಪ ಕಲಿಸಿಕೊಟ್ಟಿದ್ದರು. ಅದು ಎಲ್ಲರಿಗೂ ನೆನಪಿದ್ದಂತಿಲ್ಲ.

ಭಾವ (ಬೆಂಗಳೂರು): ಅತ್ತೆಯವರೇ, ಈ ಹಾಳೆ ಎಲ್ಲಿಂದ ಬಂತು ಎಂಬುದನ್ನು ದಯವಿಟ್ಟು ತಿಳಿಸುತ್ತೀರಾ? ಚಿತ್ರದಲ್ಲಿ ಒಂದೇ ಪುಟವಿದೆ, ತಯಾರಕರ ಹೆಸರಿರುವ ಮೇಲ್ಭಾಗವನ್ನು ಕತ್ತರಿಸಲಾಗಿದೆ. ವಿಶ್ವಸಂಸ್ಥೆ ಘೋಷಿಸಿದೆ ಎನ್ನುವುದಕ್ಕೂ ಯುರೋಪಿನಲ್ಲಿ ನಿಷೇಧವಿದೆ ಎನ್ನುವುದಕ್ಕೂ ಆಧಾರ ಬೇಕು.

ಅತ್ತೆ: ಕಷಾಯದ ವಿಷಯದಲ್ಲಿಯೂ ನೀವು ಹೀಗೆಯೇ ಆಧಾರ ಕೇಳಿದ್ದಿರಿ. ಒಳ್ಳೆಯದಾಗಲಿ ಎಂದು ಕಳುಹಿಸಿದವಳನ್ನು ಕಟಕಟೆಯಲ್ಲಿ ನಿಲ್ಲಿಸಬೇಕೇ?

ಚಿಕ್ಕಪ್ಪ (ತೋಟದಿಂದ): ಎಲ್ಲರಿಗೂ ನಮಸ್ಕಾರ. ಈ ಹಾಳೆಯನ್ನು ಯಾರನ್ನು ಉದ್ದೇಶಿಸಿ ಕಳುಹಿಸಲಾಗಿದೆ ಎಂಬುದು ನನಗೆ ಅರ್ಥವಾಗುತ್ತದೆ. ಹೂಮಳೆ ಮುಗಿದು ಮುಂಗಾರು ಹಿಡಿಯುವುದರೊಳಗೆ ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಕಲಸಿದ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಅರೇಬಿಕಾಗೆ ಎಲೆ ತುಕ್ಕು, ಮೆಣಸಿಗೆ ಸೊರಗು ರೋಗ ಬಂದೇ ಬರುತ್ತದೆ, ಮತ್ತು ಬಳ್ಳಿ ಒಣಗಿದ ಮೇಲೆ ಈ ಗುಂಪಿನಲ್ಲಿ ಯಾರೂ ಬಂದು ನೆಟ್ಟುಕೊಡುವುದಿಲ್ಲ. ಕೆಳಗಿನ ಕೆರೆಯ ಮೀನು ಸತ್ತ ವರ್ಷ ದೊಡ್ಡಣ್ಣ ನನ್ನ ಮೇಲೆ ಹೊರಿಸಿದ ಆರೋಪವೇ ಈಗ ಹಾಳೆಯ ರೂಪದಲ್ಲಿ ಬಂದಿದೆ. ಆ ಬೇಸಗೆಯಲ್ಲಿ ಕೆರೆಯ ನೀರು ಮೊಣಕಾಲಿಗೂ ಇರಲಿಲ್ಲ.

ದೊಡ್ಡಪ್ಪ: ನಾನು ಕೆರೆಯ ಹೆಸರೆತ್ತಲಿಲ್ಲ. ಎತ್ತಿದವನು ನೀನು.

ಅಣ್ಣ (ಮಡಿಕೇರಿ): ಮೈಲುತುತ್ತವೆಂದರೆ ನನಗೆ ಅಜ್ಜನೇ ಕಣ್ಣ ಮುಂದೆ ಬರುತ್ತಾರೆ. ಒಂದು ಮರದ ಪೀಪಾಯಿಯಲ್ಲಿ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ಹಾಲು. ಎರಡನ್ನೂ ಮೂರನೆಯದಕ್ಕೆ ಒಟ್ಟಿಗೆ ಸುರಿದು ಕಲಕಿದ ಮೇಲೆ ಅಜ್ಜ ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದರು. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಎನ್ನುತ್ತಿದ್ದರು. ಆಗ ತೋಟದ ತುಂಬ ಕಿತ್ತಳೆ ಮರಗಳಿದ್ದವು. ಆ ಸಿಪ್ಪೆಯ ಪರಿಮಳವಿರುವ ಹಣ್ಣು ಈಗ ಸಂತೆಯಲ್ಲಿಯೂ ಸಿಗುವುದಿಲ್ಲ. ಮೇಲಿನ ಗೇಟಿನ ಬಳಿಯ ಮರ ಇನ್ನೂ ಇದೆಯೇ, ಚಿಕ್ಕಪ್ಪ?

ಚಿಕ್ಕಮ್ಮ: ಆ ಮರ ಹೋಗಿ ಬಹಳ ಕಾಲವಾಯಿತು. ನನ್ನ ಪ್ರಶ್ನೆ ಬೇರೆ. ತೋಟದ ಸ್ಟೋರಿನಲ್ಲಿ ಮೈಲುತುತ್ತದ ಚೀಲಗಳ ಪಕ್ಕದಲ್ಲಿಯೇ ಕಳೆ ಕೊಚ್ಚುವ ಯಂತ್ರದ ಪೆಟ್ರೋಲ್ ಕ್ಯಾನ್ ಇರುತ್ತದೆ. ಇದು ಇಷ್ಟು ಅಪಾಯದ ವಸ್ತುವಾದರೆ ಬೆಂಕಿ ಹತ್ತಿಕೊಳ್ಳುವ ಸಂಭವವೂ ಇದೆಯೇ?

ನಾನು (ಮೈಸೂರು): ಹಿರಿಯರೆಲ್ಲರಿಗೂ ನಮಸ್ಕಾರ. ರಾಸಾಯನಿಕಗಳ ಜೊತೆ ತಯಾರಕರು ಕೊಡುವ ಇಂತಹ ಸುರಕ್ಷತಾ ಮಾಹಿತಿ ಪತ್ರಗಳನ್ನು ಓದುವುದು ಪ್ರಯೋಗಾಲಯದಲ್ಲಿ ನನ್ನ ನಿತ್ಯದ ಕೆಲಸವಾದ್ದರಿಂದ, ಅತ್ತೆ ಕಳುಹಿಸಿದ ಪುಟವನ್ನು ದೊಡ್ಡದು ಮಾಡಿ ಸಾಲು ಸಾಲಾಗಿ ಓದಿದೆ. ಹದಿನಾರು ಭಾಗಗಳಿರುವ ಪತ್ರದ ಎರಡನೆಯ ಭಾಗ ಇದು. ವಸ್ತುವಿನ ಅಪಾಯಗಳ ವರ್ಗೀಕರಣ ಇರುವುದು ಅಲ್ಲಿಯೇ. ನಾವೆಲ್ಲರೂ 4 ಎಂಬ ಅಂಕಿಗೆ ಅಂಟಿಕೊಂಡಿದ್ದೇವೆ. ಅದರ ಕೆಳಗಿನ ಸಾಲನ್ನು ಯಾರೂ ಪ್ರಸ್ತಾಪಿಸಲೇ ಇಲ್ಲ, ನನ್ನ ಚಿಂತೆಯೆಲ್ಲ ಆ ಸಾಲಿನದು.

ಮೊದಲು ಆ 4ರ ವಿಚಾರ. ದೊಡ್ಡಪ್ಪ ಹೇಳಿದ್ದು ಅವರು ಕಂಡ ಫಲಕದ ಮಟ್ಟಿಗೆ ಸರಿಯಾಗಿಯೇ ಇದೆ. ಅದು ಅಗ್ನಿಶಾಮಕ ಸಿಬ್ಬಂದಿಗಾಗಿ ಅಮೆರಿಕದಲ್ಲಿ ರೂಪುಗೊಂಡ ಪದ್ಧತಿ. ನೀಲಿ ಆರೋಗ್ಯಕ್ಕೆ, ಕೆಂಪು ಬೆಂಕಿಗೆ, ಹಳದಿ ಅಸ್ಥಿರತೆಗೆ, ಮತ್ತು ಅದರಲ್ಲಿ 0 ಎಂದರೆ ಅತಿ ಕಡಿಮೆ, 4 ಎಂದರೆ ಅತಿ ಹೆಚ್ಚು ಅಪಾಯ. ಈ ಹಾಳೆಯಲ್ಲಿರುವುದು ರಾಸಾಯನಿಕಗಳ ಅಪಾಯವನ್ನು ವರ್ಗೀಕರಿಸುವ ವಿಶ್ವಸಂಸ್ಥೆಯ ಜಿಎಚ್‌ಎಸ್ ಪದ್ಧತಿಯ ಅಂಕಿ. 2003ರಲ್ಲಿ ಮೊದಲು ಪ್ರಕಟವಾದ ಆ ಪದ್ಧತಿಯಲ್ಲಿ ಎಣಿಕೆ ತಿರುವುಮುರುವು: 1 ಅತ್ಯಂತ ಘೋರ, ಅಂಕಿ ಏರಿದಂತೆ ಅಪಾಯ ಇಳಿಯುತ್ತದೆ. ನುಂಗಿದಾಗಿನ ವಿಷತ್ವಕ್ಕೆ ಅಲ್ಲಿ ಐದು ದರ್ಜೆಗಳಿವೆ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮೊದಲ ದರ್ಜೆ, 300ರಿಂದ 2000 ಮಿಲಿಗ್ರಾಂವರೆಗೆ ಇದ್ದರೆ ನಾಲ್ಕನೆಯದು. ತಲೆಬುರುಡೆಯ ಚಿತ್ರ ಮೊದಲ ಮೂರು ದರ್ಜೆಗಳಿಗೆ ಮಾತ್ರ ಬರುತ್ತದೆ. ಮೈಲುತುತ್ತಕ್ಕೆ ಬರುವುದು ಆಶ್ಚರ್ಯಸೂಚಕ ಚಿಹ್ನೆ. ಹಾಗೆಂದು ಇದು ನಿರಪಾಯಕಾರಿಯಲ್ಲ. ನುಂಗಿದರೆ ರಕ್ತಕಣಗಳೂ ಮೂತ್ರಪಿಂಡಗಳೂ ಕೆಡಬಹುದು, ಆದ್ದರಿಂದ ಮಕ್ಕಳ ಕೈಗೆ ಸಿಗುವಲ್ಲಿ ಅದನ್ನು ಇಡಲೇಬಾರದು. ಆದರೆ ರವಾನೆಯಾದ ಸಂದೇಶ 4 ಎಂಬುದನ್ನು ತುತ್ತತುದಿಯ ದರ್ಜೆ ಎಂಬಂತೆ ಹೇಳಿರುವುದು ತಪ್ಪು.

ವಿಶ್ವಸಂಸ್ಥೆ ಒಂದೊಂದೇ ವಸ್ತುವನ್ನು ತೆಗೆದುಕೊಂಡು ಹೀಗೆ ಘೋಷಿಸುವುದೂ ಇಲ್ಲ. ಅದು ಅಳತೆಗೋಲನ್ನು ಕೊಡುತ್ತದೆ. ಅಳೆಯುವವರು ತಯಾರಕರು ಅಥವಾ ಆಯಾ ದೇಶದ ಆಡಳಿತ. ಯುರೋಪಿನ ನಿಷೇಧದ ಮಾತೂ ಹಾಗೆಯೇ. ಅಲ್ಲಿ ತಾಮ್ರದ ಸಂಯುಕ್ತಗಳಿಗೆ ಇರುವುದು ಮಿತಿ: 2019ರಿಂದ ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರವನ್ನು ಮೀರುವಂತಿಲ್ಲ. ನಮ್ಮ ಮೈಲುತುತ್ತದಲ್ಲಿ ತೂಕದ ಕಾಲು ಭಾಗದಷ್ಟು ತಾಮ್ರವಿರುತ್ತದೆ ಎಂಬುದನ್ನು ಸೇರಿಸಿಕೊಂಡರೆ ಚಿಕ್ಕಪ್ಪನವರು ತೋಟದ ಲೆಕ್ಕವನ್ನು ತಾವೇ ಹಾಕಿ ನೋಡಬಹುದು.

ಭಾವ: ಇದು ಮೊದಲೇ ಬಂದಿದ್ದರೆ ಚೆನ್ನಾಗಿತ್ತು. ಆಧಾರ ಕೇಳಿದ್ದಕ್ಕೆ ನನ್ನನ್ನು ಅಹಂಕಾರಿಯೆಂದು ತಿಳಿಯಬಾರದು ಎಂದಷ್ಟೇ ಅತ್ತೆಯವರಲ್ಲಿ ವಿನಂತಿ.

ಚಿಕ್ಕಪ್ಪ: ಅಂದರೆ ನಾನು ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಸರಿಯಿತ್ತು ಎಂದಾಯಿತು. ದೊಡ್ಡಣ್ಣ ಇದನ್ನು ಎರಡು ಸಲ ಓದಲಿ.

ದೊಡ್ಡಪ್ಪ: ಅಂಕಿ ಮೇಲಿನದೋ ಕೆಳಗಿನದೋ, ವಿಷ ವಿಷವೇ. ಹಿರಿಯನ ಮಾತಿಗೆ ಈ ಮನೆಯಲ್ಲಿ ಇರುವ ಬೆಲೆ ನನಗೆ ಪಾಲಾದ ದಿನವೇ ತಿಳಿದಿದೆ.

ನಾನು: ದೊಡ್ಡಪ್ಪ, ಚಿಕ್ಕಪ್ಪ, ದಯವಿಟ್ಟು ಇನ್ನೂ ಸ್ವಲ್ಪ ಓದಿ, ಏಕೆಂದರೆ ಮುಖ್ಯವಾದ ಮಾತು ಈಗ ಬರುತ್ತದೆ. 4ರ ಸಾಲಿನ ಕೆಳಗೆ ಕಣ್ಣಿಗೆ ಗಂಭೀರ ಹಾನಿ, ದರ್ಜೆ 1 ಎಂದಿದೆ. ಕಣ್ಣಿನ ವಿಷಯದಲ್ಲಿ ಇದಕ್ಕಿಂತ ಮೇಲಿನ ದರ್ಜೆಯೇ ಇಲ್ಲ. ಕಿರಿಕಿರಿಯೆಂದರೆ ಕೆಂಪಾಗಿ, ನೀರು ಸುರಿದು, ಕೆಲವು ದಿನಗಳಲ್ಲಿ ಸರಿಹೋಗುವುದು; ಅದು ಎರಡನೆಯ ದರ್ಜೆ. ಮೊದಲನೆಯದೆಂದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಮಸುಕಾಗಿ, ಆ ಮಸುಕು ಮರಳಿ ಹೋಗದೆ ಉಳಿಯುವ ಸಾಧ್ಯತೆ. ಕೈಯ ಮೇಲೆ ದ್ರವ ಸುರಿಯುವ ಆ ಚಿತ್ರ ಹಾಳೆಯಲ್ಲಿ ಬಂದಿರುವುದೂ, 'ಅಪಾಯ' ಎಂಬ ಪದ ದೊಡ್ಡದಾಗಿ ಮುದ್ರಿತವಾಗಿರುವುದೂ ಈ ಸಾಲಿನಿಂದಲೇ. ಚರ್ಮವನ್ನು ಸುಡುವ ವಸ್ತು, ಲೋಹವನ್ನು ಕೊರೆಯುವ ವಸ್ತು, ಕಣ್ಣನ್ನು ಕೆಡಿಸುವ ವಸ್ತು, ಈ ಮೂರಕ್ಕೂ ಪದ್ಧತಿಯಲ್ಲಿ ಒಂದೇ ಚಿತ್ರವಿರುವುದರಿಂದ, ಚಿತ್ರವನ್ನಷ್ಟೇ ನೋಡಿದವರು ಆಸಿಡ್ ಎಂದುಕೊಂಡರು. ಕಣ್ಣಿನ ಮಾತು ಪಕ್ಕದ ಬರಹದಲ್ಲಿತ್ತು.

ಇದಕ್ಕಿಂತಲೂ ಹೆಚ್ಚಿನ ಕಳವಳ ಸುಣ್ಣದ್ದು. ಸುಣ್ಣವನ್ನು ನಾವು ಎಲೆಯಡಿಕೆಗೆ ಹಚ್ಚುತ್ತೇವೆ, ಗೋಡೆಗೆ ಬಳಿಯುತ್ತೇವೆ, ಆದ್ದರಿಂದ ಅದರ ಬಗ್ಗೆ ಯಾರೂ ಎಚ್ಚರಿಕೆ ರವಾನಿಸುವುದಿಲ್ಲ. ಅರಳಿದ ಸುಣ್ಣದ ವರ್ಗೀಕರಣದಲ್ಲಿಯೂ ಕಣ್ಣಿಗೆ ಗಂಭೀರ ಹಾನಿ, ದರ್ಜೆ 1 ಎಂದೇ ಇದೆ. ಜೊತೆಗೆ ಚರ್ಮಕ್ಕೂ ಉಸಿರಿನ ದಾರಿಗೂ ಕಿರಿಕಿರಿ. ಸುಣ್ಣದ ತಿಳಿನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 12ನ್ನು ಮೀರಿರುತ್ತದೆ, ಮತ್ತು ಅಂತಹ ತೀಕ್ಷ್ಣ ಕ್ಷಾರ ಕಣ್ಣಿನ ಒಳಪದರಗಳಿಗೆ ಇಳಿಯುತ್ತಲೇ ಹೋಗುತ್ತದೆ.

ಚಿಕ್ಕಮ್ಮ, ನಿಮ್ಮ ಪ್ರಶ್ನೆ ಈ ಇಡೀ ಚರ್ಚೆಯಲ್ಲಿ ಹಾಳೆಗೆ ಅತ್ಯಂತ ಹತ್ತಿರವಾಗಿತ್ತು. ಬೆಂಕಿ, ಸ್ಫೋಟ, ಇತರ ವಸ್ತುಗಳ ಉರಿಯುವಿಕೆಗೆ ನೆರವಾಗುವ ಗುಣ, ಇವೆಲ್ಲ ಭೌತಿಕ ಅಪಾಯಗಳ ಗುಂಪಿನಲ್ಲಿ ಬರುತ್ತವೆ. ಮೈಲುತುತ್ತ ಆ ಯಾವುದಕ್ಕೂ ಸೇರುವುದಿಲ್ಲ, ಅದು ಹೊತ್ತಿಕೊಳ್ಳುವ ವಸ್ತುವಲ್ಲ. ಸುಟ್ಟ ಸುಣ್ಣದ ಕಲ್ಲಿನ ಬಗ್ಗೆ ಮಾತ್ರ ಎಚ್ಚರವಿರಲಿ. ಅದೂ ಉರಿಯುವುದಿಲ್ಲ, ಆದರೆ ಸೋರುವ ಮಾಡಿನ ನೀರು ಬಿದ್ದರೆ ಅರಳುತ್ತ ಎಷ್ಟು ಬಿಸಿಯಾಗುತ್ತದೆಯೆಂದರೆ ಪಕ್ಕದ ಗೋಣಿಚೀಲಕ್ಕೂ ಒಣಹುಲ್ಲಿಗೂ ಬೆಂಕಿ ತಗುಲಬಲ್ಲದು. ಪೆಟ್ರೋಲ್ ಕ್ಯಾನನ್ನು ಅಲ್ಲಿಂದ ಬೇರೆ ಕಡೆಗೆ ಸಾಗಿಸುವುದು ಸರಿ.

ಅಣ್ಣ: ಹಾಗಾದರೆ ಅಜ್ಜನ ಕತ್ತಿ ಕೆಂಪಾಗುತ್ತಿದ್ದುದು ಏಕೆ? ಹಳೆಯ ಮಾತು ಎಂದು ಬೇಸರಿಸಬೇಡ.

ನಾನು: ಇಲ್ಲ ಅಣ್ಣ, ಅದು ಇದೇ ವಿಷಯಕ್ಕೆ ಸೇರಿದ ಮಾತು. ಸುಣ್ಣ ಕಡಿಮೆಯಾದಾಗ ನೀರಿನಲ್ಲಿ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಅಜ್ಜ ಮರದ ಪೀಪಾಯಿಯನ್ನೇ ಬಳಸುತ್ತಿದ್ದುದಕ್ಕೂ, ಇಂದಿಗೂ ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಬಾರದು ಎನ್ನುವುದಕ್ಕೂ ಕಾರಣ ಅದೇ.

ಭಾವ: ನನಗೊಂದು ಸಂಶಯ. ಈ ದರ್ಜೆಗಳು ಶುದ್ಧ ಪುಡಿಗೆ ಸಂಬಂಧಿಸಿದವು. ಗಿಡಕ್ಕೆ ಹೊಡೆಯುವುದು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಷ್ಟು ತೆಳುವಾದ ಮೇಲೂ ಅದೇ ದರ್ಜೆ ಅನ್ವಯಿಸುತ್ತದೆಯೇ?

ನಾನು: ಒಳ್ಳೆಯ ಪ್ರಶ್ನೆ, ಭಾವ. ಮಿಶ್ರಣಗಳಿಗೆ ಪ್ರತ್ಯೇಕ ನಿಯಮವಿದೆ. ಕಣ್ಣಿಗೆ ಮೊದಲ ದರ್ಜೆಯ ಹಾನಿ ಮಾಡುವ ವಸ್ತುಗಳ ಮೊತ್ತ ನೂರಕ್ಕೆ 3 ಅಥವಾ ಹೆಚ್ಚಿದ್ದರೆ ಮಿಶ್ರಣವೂ ಮೊದಲ ದರ್ಜೆಗೆ ಸೇರುತ್ತದೆ. 1ರಿಂದ 3ರ ನಡುವೆ ಇದ್ದರೆ ಕಿರಿಕಿರಿಯ ದರ್ಜೆ. ನೀವು ಹೇಳಿದ ಲೆಕ್ಕದಲ್ಲಿ ಎರಡೂ ಸೇರಿ ನೂರಕ್ಕೆ ಸುಮಾರು 2 ಆಗುತ್ತದೆ. ಇದರಿಂದ ತಿಳಿಯುವುದೇನೆಂದರೆ, ಸ್ಪ್ರೇ ಗನ್ ಹಿಡಿದು ಬಳ್ಳಿಗೆ ಹೊಡೆಯುವವನಿಗಿಂತಲೂ ಡ್ರಮ್ಮಿನ ಬಳಿ ನಿಂತು ಚೀಲ ಬಿಚ್ಚುವವನ, ಹತ್ತು ಲೀಟರ್ ನೀರಿನಲ್ಲಿ ಒಂದು ಕಿಲೋ ಪುಡಿಯನ್ನು ಕರಗಿಸುವವನ, ಸುಣ್ಣದ ಹಾಲನ್ನು ಸೋಸಿ ಸುರಿಯುವವನ ಕಣ್ಣಿಗೆ ಅಪಾಯ ಹೆಚ್ಚು. ಔಷಧಿ ಹೊಡೆಯುವವರು ಕೆಲವೊಮ್ಮೆಯಾದರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿರುತ್ತಾರೆ. ಕಲಸುವವರ ಮುಖದ ಮೇಲೆ ನಾನು ಎಂದೂ ಏನನ್ನೂ ಕಂಡಿಲ್ಲ.

ಚಿಕ್ಕಪ್ಪ: ಹೋದ ವರ್ಷ ಸುಣ್ಣ ಸಿಡಿದು ಒಬ್ಬನ ಕಣ್ಣು ಊದಿಕೊಂಡಿತ್ತು. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೇಕೆಂದು ಯಾರನ್ನೂ ಕಷ್ಟಕ್ಕೆ ಗುರಿ ಮಾಡಿದವನಲ್ಲ ನಾನು.

ನಾನು: ಅದನ್ನು ಯಾರೂ ಹೇಳುತ್ತಿಲ್ಲ, ಚಿಕ್ಕಪ್ಪ. ಆದರೆ ಆಸ್ಪತ್ರೆಗೆ ಹೊರಡುವ ಮೊದಲು ಅಲ್ಲಿಯೇ ರೆಪ್ಪೆಗಳನ್ನು ಬಿಡಿಸಿ ಹಿಡಿದು ಕನಿಷ್ಠ ಹದಿನೈದು ನಿಮಿಷ ಶುದ್ಧ ನೀರಿನಿಂದ ಕಣ್ಣನ್ನು ತೊಳೆಯುತ್ತಲೇ ಇರಬೇಕು. ಸೋಮವಾರಪೇಟೆಗೋ ಮಡಿಕೇರಿಗೋ ಜೀಪು ತಲುಪುವಷ್ಟರಲ್ಲಿ ಸುಣ್ಣ ತನ್ನ ಕೆಲಸ ಮುಗಿಸಿರುತ್ತದೆ. ಕಲಸುವ ಜಾಗದಲ್ಲಿ ಒಂದು ಕೊಡ ಒಳ್ಳೆಯ ನೀರು ಇರಲೇಬೇಕು, ಅದನ್ನು ಬೇರೆ ಯಾವುದಕ್ಕೂ ಬಳಸಬಾರದು.

ದೊಡ್ಡಪ್ಪ: ಸತ್ತ ಮೀನಿನ ಚಿತ್ರದ ಬಗ್ಗೆ ನೀನು ಮೌನವಾಗಿದ್ದೀಯೆ, ಮಗಳೇ.

ನಾನು: ಮೌನವಿಲ್ಲ, ದೊಡ್ಡಪ್ಪ. ಜಲಚರಗಳ ವಿಷಯದಲ್ಲಿಯೂ ಮೈಲುತುತ್ತ ಮೊದಲ ದರ್ಜೆಯಲ್ಲಿಯೇ ಇದೆ, ತಕ್ಷಣದ ಪರಿಣಾಮಕ್ಕೂ ದೀರ್ಘಕಾಲದ ಪರಿಣಾಮಕ್ಕೂ. ತಕ್ಷಣದ ಪರಿಣಾಮಕ್ಕೆ ಅಲ್ಲಿಯ ಲೆಕ್ಕ, ಪ್ರಯೋಗದ ಜಲಚರಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ, ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಆ ವರ್ಷ ಕೆರೆಯಲ್ಲಿ ನಡೆದದ್ದೇನು ಎಂದು ಈ ಹಾಳೆಯಿಂದ ತೀರ್ಮಾನಿಸಲು ಬರುವುದಿಲ್ಲ. ಡ್ರಮ್ಮನ್ನೂ ಸ್ಪ್ರೇಯರನ್ನೂ ಹಾರಂಗಿಗೆ ಸೇರುವ ಆ ತೊರೆಯಲ್ಲಿ ತೊಳೆಯಬಾರದು ಎಂಬುದು ಮಾತ್ರ ಇದರಿಂದಲೇ ಖಚಿತವಾಗುತ್ತದೆ.

ದೊಡ್ಡಪ್ಪ: ಅಷ್ಟನ್ನು ಅವನು ಒಪ್ಪಿದರೆ ನನಗೆ ಬೇರೇನೂ ಬೇಡ.

ಚಿಕ್ಕಪ್ಪ: ತೊಳೆಯುವುದನ್ನು ಮೇಲಿನ ಕಣದ ಹತ್ತಿರ ಮಾಡಿಸುತ್ತೇನೆ. ದೊಡ್ಡಣ್ಣ ಹೇಳಿದರೆಂದಲ್ಲ, ಹಾಳೆಯಲ್ಲಿ ಇದೆಯೆಂದು.

ಅತ್ತೆ: ಹಾಗಾದರೆ ನಾನು ಕಳುಹಿಸಿದ್ದು ಸುಳ್ಳೋ ನಿಜವೋ? ದೇವಸ್ಥಾನದ ಗುಂಪಿಗೂ ಕಳುಹಿಸಿಬಿಟ್ಟಿದ್ದೇನೆ.

ನಾನು: ಅತ್ತೆ, ಹಾಳೆ ನಿಜ, ಅದರ ಜೊತೆಗೆ ಬಂದ ಸಂದೇಶ ತಪ್ಪು. ಆ ಗುಂಪಿನಲ್ಲಿ ತೋಟದವರೇ ಹೆಚ್ಚಾಗಿದ್ದಾರೆ, ಆದ್ದರಿಂದ ಕಣ್ಣಿನ ಸಾಲನ್ನೂ ಸುಣ್ಣದ ಮಾತನ್ನೂ ಬರೆದು ಇನ್ನೊಮ್ಮೆ ಕಳುಹಿಸಿ. ಚಿಕ್ಕಪ್ಪ, ಕನ್ನಡಕ ಕೊಳ್ಳುವಾಗ ಬದಿಗಳೂ ಮುಚ್ಚಿ ಮುಖಕ್ಕೆ ಅಂಟಿ ಕೂರುವ ರಕ್ಷಣಾ ಕನ್ನಡಕವನ್ನೇ ಕೇಳಿ. ಬಿಸಿಲಿನ ಕನ್ನಡಕದ ಬದಿಯಿಂದ ಸಿಡಿದ ಹನಿ ನೇರವಾಗಿ ಒಳಗೆ ಹೋಗುತ್ತದೆ. ಕಲಸುವವರಿಗೂ ಹೊಡೆಯುವವರಿಗೂ ಒಬ್ಬೊಬ್ಬರಿಗೆ ಒಂದೊಂದು ಬೇಕು, ಹಂಚಿಕೊಳ್ಳುವಂತೆ ಆಗಬಾರದು.

ಚಿಕ್ಕಪ್ಪ: ಸೋಮವಾರ ಸಂತೆಗೆ ಹೋದಾಗ ವಿಚಾರಿಸುತ್ತೇನೆ. ಅಲ್ಲಿ ಸಿಗದಿದ್ದರೆ ಮೈಸೂರಿನಿಂದ ನೀನೇ ಕಳುಹಿಸಬೇಕಾಗುತ್ತದೆ. ಎಂಟು ಜನರಿದ್ದಾರೆ.

ದೊಡ್ಡಪ್ಪ: ಹತ್ತು ತರಿಸು. ಎರಡರ ಹಣ ನಾನು ಕೊಡುತ್ತೇನೆ, ನನ್ನ ಪಾಲಿನ ಮೆಣಸಿಗೂ ಅದೇ ಜನ ತಾನೇ ಹೊಡೆಯುವುದು.

ಅಣ್ಣ: ಕಿತ್ತಳೆ ಮರದ ಹಳೆಯ ಫೋಟೊ ಯಾರ ಬಳಿಯಾದರೂ ಇದ್ದರೆ ಇಲ್ಲಿ ಹಾಕಿ.