ಟ್ರೆಕ್ 5200 ಹಳೇ ಕಾರ್ಬನ್ ಸೈಕಲ್, ಸೆಕೆಂಡ್‌ಹ್ಯಾಂಡ್ – ತಗೋಬಹುದಾ? ಏನೇನು ನೋಡಬೇಕು?

ಬೆಟ್ಟದ ಹಾದಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಸ್ಯಾನ್ ಹೋಸೆ ಹತ್ತಿರ ಒಂದು ಟ್ರೆಕ್ 5200 ಮಾರಾಟಕ್ಕಿದೆ. 56 ಸೆಂ.ಮೀ. ಫ್ರೇಮ್, 9 ಸ್ಪೀಡ್ ಅಲ್ಟೆಗ್ರಾ (ಶಿಮಾನೊ ಕಂಪನಿಯ ಗೇರ್ ಸೆಟ್), ಮುಂದೆ 53/39 ಹಲ್ಲಿನ ಎರಡು ಚೈನ್‌ರಿಂಗ್, ಜೋಡಿ ಕಡ್ಡಿಯ ರೋಲ್ಫ್ ಚಕ್ರ. 450 ಡಾಲರ್ ಹೇಳ್ತಿದ್ದಾರೆ. "2000ನೇ ಇಸವಿ ಮಾಡೆಲ್, ಹತ್ತು ವರ್ಷದಿಂದ ಗ್ಯಾರೇಜಲ್ಲಿ ನೇತುಹಾಕಿದ್ದೇ, ಆರ್ಮ್‌ಸ್ಟ್ರಾಂಗ್ ಓಡಿಸಿದ್ದೂ ಇದೇ ಫ್ರೇಮು" ಅನ್ನೋದು ಅವರ ಮಾತು. ಡಿಸೆಂಬರಲ್ಲಿ ಮೈಸೂರಿಗೆ ತಗೊಂಡು ಹೋಗಿ ಊರಲ್ಲೇ ಬಿಡೋ ಯೋಚನೆ.

ಇಷ್ಟು ಹಳೇ ಕಾರ್ಬನ್ ನಂಬಬಹುದಾ? ಶನಿವಾರ ನೋಡೋಕೆ ಹೋಗ್ತೀನಿ, ಅರ್ಧ ಗಂಟೆ ಸಿಗುತ್ತೆ. ಏನು ಸಾಮಾನು ತಗೊಂಡು ಹೋಗಲಿ, ಎಲ್ಲಿ ನೋಡಲಿ?

ಐದು ನ್ಯೂಟನ್:

ಮೊದಲು ಆರ್ಮ್‌ಸ್ಟ್ರಾಂಗ್ ವಿಷಯ ಮುಗಿಸಿಬಿಡೋಣ. 1999ರಲ್ಲಿ ಅವನು ಟೂರ್ ಡಿ ಫ್ರಾನ್ಸ್ ರೇಸ್ ಗೆದ್ದಾಗ ಕೆಳಗಿದ್ದದ್ದು ಟ್ರೆಕ್ 5500. ಫ್ರೇಮ್ ಒಂದೇ ಅನ್ನೋದು ನಿಜ, 5500ಕ್ಕೆ ಶಿಮಾನೊದ ಇನ್ನೂ ಮೇಲಿನ ಸೆಟ್ ಡ್ಯೂರಾ-ಏಸ್ ಹಾಕ್ತಿದ್ರು, 5200ಕ್ಕೆ ಅಲ್ಟೆಗ್ರಾ. ಉದ್ದೀಪನ ಮದ್ದಿನ ಕಾರಣಕ್ಕೆ ಆ ಗೆಲುವನ್ನು 2012ರಲ್ಲಿ ಕಿತ್ತುಕೊಂಡದ್ದೂ ಆಯಿತು. ಆ ಹೆಸರಿಗೆ ಒಂದು ಡಾಲರೂ ಹೆಚ್ಚಿಗೆ ಕೊಡಬೇಡಿ.

ಕಾರ್ಬನ್‌ಗೆ ಹಾಲಿನ ಪ್ಯಾಕೆಟ್ ಥರ ಮುಗಿಯೋ ತಾರೀಕಿಲ್ಲ. ಬಿಸಿಲಿನಿಂದ ಕೆಡೋದು ಮೇಲ್ಪದರದ ರೆಸಿನ್, ಅದೂ ಬಣ್ಣ ಅಥವಾ ಲ್ಯಾಕರ್ ಕಿತ್ತುಹೋಗಿದ್ದರೆ. ಸರಿಯಾಗಿ ಓಡಿಸಿದ ಫ್ರೇಮು 25 ವರ್ಷ ಆದರೂ ಗಟ್ಟಿಯಾಗೇ ಇರುತ್ತೆ. ಕೆಡಿಸೋದು ಎರಡೇ: ಏಟು, ಮತ್ತೆ ಅಲ್ಯೂಮಿನಿಯಂ. ಏಟು ಎಲ್ಲರಿಗೂ ಗೊತ್ತು. ಅಲ್ಯೂಮಿನಿಯಂ ಕಡೆ ಯಾರೂ ನೋಡಲ್ಲ.

ವಿಷಯ ಏನಂದ್ರೆ, ಕಾರ್ಬನ್‌ಗೆ ಅಲ್ಯೂಮಿನಿಯಂ ತಾಗಿಕೊಂಡು ನಡುವೆ ಬೆವರೋ ಉಪ್ಪುನೀರೋ ಸೇರಿದರೆ ಅದೊಂದು ಸಣ್ಣ ಬ್ಯಾಟರಿ. ತಿನ್ನಿಸಿಕೊಳ್ಳೋದು ಅಲ್ಯೂಮಿನಿಯಂ. ಅದು ಬಿಳಿ ಪುಡಿಯಾಗಿ, ಮೊದಲಿಗಿಂತ ಹೆಚ್ಚು ಜಾಗ ತಗೊಂಡು ಉಬ್ಬುತ್ತೆ. ಉಬ್ಬಿದ್ದು ಅಂಟನ್ನು ಎಬ್ಬಿಸುತ್ತೆ, ಇಲ್ಲ ಸೀಟ್‌ಪೋಸ್ಟನ್ನು (ಸೀಟು ಹೊತ್ತ ಕೊಳವೆ) ಕಚ್ಚಿ ಹಿಡಿಯುತ್ತೆ. ಈ ಫ್ರೇಮಲ್ಲಿ ಕೊಳವೆಗಳೂ ಅವನ್ನು ಸೇರಿಸೋ ಲಗ್‌ಗಳೂ ಕಾರ್ಬನ್ನೇ. ಆದರೆ ಬಾಟಂ ಬ್ರಾಕೆಟ್ಟಿನ (ಪೆಡಲ್ ಆಕ್ಸಲ್ ತಿರುಗೋ ಜಾಗ) ತಿರುಪು ಮರೆಯಿರೋ ಗೂಡು, ಹಿಂದಿನ ಡ್ರಾಪ್‌ಔಟ್ (ಚಕ್ರದ ಆಕ್ಸಲ್ ಕೂರೋ ಕೊಕ್ಕೆ) ಅಲ್ಯೂಮಿನಿಯಂ, ಅಂಟು ಹಾಕಿ ಕೂರಿಸಿದ್ದು. ಅದಕ್ಕೇ ನಿಮ್ಮ ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ ಈ ಜಾಗಗಳಿಗೇ ಕೊಡಿ.

ತಗೊಂಡು ಹೋಗಬೇಕಾದ್ದು: ಒಳ್ಳೇ ಟಾರ್ಚು, ಅಲೆನ್ ಕೀ ಸೆಟ್ಟು, ಒಂದು ಅಡಿ ಉಕ್ಕಿನ ಸ್ಕೇಲು, ವರ್ನಿಯರ್ ಇದ್ದರೆ ಅದು, ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಬಟ್ಟೆ, ಸ್ವಲ್ಪ ಹತ್ತಿ, ಒಂದು ನಾಣ್ಯ. ಫ್ರೇಮು ಕೊಳಕಾಗಿದ್ದರೆ ಮೊದಲು ಒರೆಸಿ. ಒರೆಸೋಕೆ ಬಿಡಲ್ಲ ಅಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ.

ಸೀಟ್‌ಪೋಸ್ಟಿಂದ ಶುರು ಮಾಡಿ. ಎಷ್ಟು ಎತ್ತರಕ್ಕಿದೆ ಅಂತ ಟೇಪಲ್ಲಿ ಗುರುತು ಹಾಕಿ, ಬೋಲ್ಟ್ ಸಡಿಲಿಸಿ, ಸೀಟು ಹಿಡಿದು ತಿರುಗಿಸಿ. ಕೈಯಲ್ಲೇ ತಿರುಗಿ ಹೊರಗೆ ಬಂದರೆ ಅರ್ಧ ಪರೀಕ್ಷೆ ಪಾಸು. ಅಲ್ಲಾಡಲೇ ಇಲ್ಲ ಅಂದ್ರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. "ಸ್ವಲ್ಪ ಬಿಗಿ ಅಷ್ಟೇ" ಅನ್ನೋ ಮಾತು ನಂಬಬೇಡಿ. ಬಿಸಿ ಮಾಡಿದರೆ ಅಂಟು, ರೆಸಿನ್ ಮೆತ್ತಗಾಗುತ್ತೆ. ಕಾಸ್ಟಿಕ್ ಸೋಡಾ ಹುಯ್ದರೆ ಪೋಸ್ಟ್ ಜೊತೆ ಫ್ರೇಮಿನ ಅಲ್ಯೂಮಿನಿಯಂ ಕೂಡ ಕರಗುತ್ತೆ. ಅಪಾಯ ಕಡಿಮೆ ಇರೋದು ತಣ್ಣಗೆ ಮಾಡೋ ದಾರಿ, ಯಾಕಂದ್ರೆ ಅಲ್ಯೂಮಿನಿಯಂ ಕಾರ್ಬನ್‌ಗಿಂತ ಹೆಚ್ಚು ಕುಗ್ಗುತ್ತೆ. ಆದರೆ 27.2 ಮಿ.ಮೀ. ಪೋಸ್ಟು 100 ಡಿಗ್ರಿ ತಣ್ಣಗಾದರೂ ಕುಗ್ಗೋದು 0.06 ಮಿ.ಮೀ. ಮಾತ್ರ. ಕೆಲವೊಮ್ಮೆ ಅಷ್ಟೇ ಸಾಕು, ಕೆಲವೊಮ್ಮೆ ಸಾಲದು. ಆ ಜೂಜು ನಿಮ್ಮ ದುಡ್ಡಲ್ಲಿ ಬೇಡ.

ಪೋಸ್ಟ್ ಹೊರಗೆ ಬಂದ ಮೇಲೆ ಸೈಕಲ್ ತಲೆಕೆಳಗು ಮಾಡಿ ಬಾಟಂ ಬ್ರಾಕೆಟ್ ಎರಡೂ ಕಡೆ ಟಾರ್ಚ್ ಬಿಡಿ. ಕಾರ್ಬನ್ ಮುಗಿದು ಲೋಹ ಶುರುವಾಗೋ ಅಂಚಲ್ಲಿ ಸುತ್ತಲೂ ಉಂಗುರದ ಥರ ಬಿರುಕು, ಬಣ್ಣದ ಕೆಳಗೆ ಗುಳ್ಳೆ, ಬಿಳಿ ಪುಡಿ ಇದೆಯಾ ನೋಡಿ. ಆಮೇಲೆ ನೆಟ್ಟಗೆ ನಿಲ್ಲಿಸಿ, ಮುಂದಿನ ಚಕ್ರ ಗೋಡೆಗೆ ಕೊಟ್ಟು, ಎರಡೂ ಬ್ರೇಕ್ ಹಿಡಿದು, ಕ್ರ್ಯಾಂಕ್ (ಪೆಡಲ್ ತೋಳು) ಅಡ್ಡವಾಗಿಟ್ಟು ಪೆಡಲ್ ಮೇಲೆ ಭಾರ ಹಾಕಿ. ಒಮ್ಮೆ ಬಲ, ಒಮ್ಮೆ ಎಡ. ಜೊತೆಗೆ ಬಂದವರು ಆ ಅಂಚನ್ನೇ ನೋಡ್ತಿರಲಿ. ಕೂದಲೆಳೆಯಷ್ಟು ಸಂದಿ ಬಿಟ್ಟು ಮುಚ್ಚಿದರೂ ಅಂಟು ಬಿಟ್ಟಿದೆ ಅಂತಲೇ. ಬರೀ ಕಿರ್ ಕಿರ್ ಶಬ್ದಕ್ಕೆ ತೀರ್ಪು ಕೊಡಬೇಡಿ, ಚೈನ್‌ರಿಂಗ್ ಬೋಲ್ಟ್ ಸಡಿಲ ಇದ್ದರೂ ಅದೇ ಶಬ್ದ ಬರುತ್ತೆ.

ಇನ್ನು ಏಟು. ಎದುರಿಂದ ಗುದ್ದಿದ್ದರೆ ಗುರುತು ಇರೋದು ಡೌನ್ ಟ್ಯೂಬಿನ (ಕೆಳಗಿನ ಓರೆ ಕೊಳವೆ) ಕೆಳಭಾಗದಲ್ಲಿ, ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆ) ಹಿಂದೆಯೇ. ಅಡ್ಡ ಗೆರೆ ಅಥವಾ ಸುಕ್ಕು ಇದ್ದರೆ ಕೈಬಿಡಿ. ಟಾಪ್ ಟ್ಯೂಬಿನ (ಮೇಲಿನ ಕೊಳವೆ) ಪಕ್ಕಕ್ಕೆ ಹ್ಯಾಂಡಲ್ ತಿರುಗಿ ಬಡಿದ ಗುರುತು, ಕಾರಿನ ರ‍್ಯಾಕ್ ಕ್ಲ್ಯಾಂಪ್ ಅದುಮಿದ ಗುರುತು ಹುಡುಕಿ. ಬಲಗಡೆ ಚೈನ್‌ಸ್ಟೇ (ಬಾಟಂ ಬ್ರಾಕೆಟ್ಟಿಂದ ಹಿಂದಿನ ಚಕ್ರಕ್ಕೆ ಹೋಗೋ ಕೊಳವೆ) ಮೇಲೆ, ಸಣ್ಣ ಚೈನ್‌ರಿಂಗ್ ಹಿಂದೆ, ಚೈನು ಸಿಕ್ಕಿಕೊಂಡು ಕೆತ್ತಿರುತ್ತೆ. ಬಣ್ಣ ಮಾತ್ರ ಹೋಗಿದ್ದರೆ ಪರವಾಗಿಲ್ಲ. ಎಳೆ ತುಂಡಾಗಿ ಚುಚ್ಚೋ ಹಾಗಿದ್ದರೆ ಪರವಾಗಿಲ್ಲ ಅನ್ನೋ ಹಾಗಿಲ್ಲ! ಹತ್ತಿ ಸವರಿ ನೋಡಿ, ಎಳೆ ಎದ್ದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತೆ.

ಅನುಮಾನದ ಗೆರೆ ಸಿಕ್ಕರೆ ಆಲ್ಕೋಹಾಲ್ ಸವರಿ. ಮೇಲ್ಮೈ ಕೆಲವೇ ಸೆಕೆಂಡಲ್ಲಿ ಆರುತ್ತೆ. ಬಿರುಕಿದ್ದರೆ ಒಳಗೆ ಇಳಿದದ್ದು ನಿಧಾನಕ್ಕೆ ಆರುತ್ತೆ, ಕಪ್ಪು ಗೆರೆಯಾಗಿ ಉಳಿದು ಕಾಣುತ್ತೆ. ಬಿರುಕು ಬಣ್ಣದ್ದೋ ಕಾರ್ಬನ್ನದ್ದೋ ಅಂತ ಇದು ಪೂರ್ತಿ ಹೇಳಲ್ಲ. ಆ ಜಾಗ ಹೆಬ್ಬೆರಳಲ್ಲಿ ಒತ್ತಿ ನೋಡಿ, ಪಕ್ಕಕ್ಕಿಂತ ಮೆತ್ತಗಿದ್ದರೆ ಅದು ಬಣ್ಣದ ಬಿರುಕಲ್ಲ.

ಕಡಲ ಉಪ್ಪು:

ಮೇಲಿನವರು ಎಲ್ಲ ಸರಿಯಾಗಿ ಹೇಳಿದ್ದಾರೆ. ನಾಣ್ಯ ತಗೊಂಡು ಹೋಗ್ಲಿಕ್ಕೆ ಹೇಳಿ ಅದರಲ್ಲಿ ಎಂತ ಮಾಡ್ಬೇಕು ಅಂತ ಮಾತ್ರ ಹೇಳ್ಲಿಲ್ಲ. ನಾಣ್ಯದಲ್ಲಿ ಮೆಲ್ಲ ಬಡಿಯುತ್ತಾ ಹೋದ್ರೆ ಒಳ್ಳೇ ಜಾಗದಲ್ಲಿ ಟಣ್ ಅಂತ ಚುರುಕು ಶಬ್ದ, ಪದರ ಬಿಟ್ಟಲ್ಲಿ ಡಬ್ ಅಂತ ಸತ್ತ ಶಬ್ದ. ಆದ್ರೆ ಲಗ್ ಹತ್ರ ಗೋಡೆ ದಪ್ಪ ಉಂಟು, ಅಲ್ಲಿ ಶಬ್ದ ಹೇಗೂ ಬದಲಾಗ್ತದೆ. ಅದನ್ನು ಕೇಳಿ ಹೆದರ್ಬೇಡಿ ಮಾರಾಯ್ರೇ. ಎಡ ಸ್ಟೇಯನ್ನು ಬಲ ಸ್ಟೇಗೆ ಹೋಲಿಸಿ, ಒಂದೇ ಜಾಗ, ಒಂದೇ ನಾಣ್ಯ. ಹಾಗೆ ಮಾಡಿದ್ರೆ ಮಾತ್ರ ಅದಕ್ಕೆ ಅರ್ಥ.

ಮತ್ತೊಂದು, ಹ್ಯಾಂಡಲ್ ಟೇಪ್ ಬಿಚ್ಚಿ ನೋಡಿ. ಟೇಪಿನ ಅಡಿಯಲ್ಲಿ ಬೆವರು ನಿಂತು ಅಲ್ಯೂಮಿನಿಯಂ ಹ್ಯಾಂಡಲ್‌ಗೆ ಗುಂಡಿ ಬಿದ್ದಿರ್ತದೆ, ಮುಖ್ಯವಾಗಿ ಕೇಬಲ್ ಒತ್ತಿಕೊಂಡಿರುವ ಕಡೆ. ಹ್ಯಾಂಡಲ್ ಮುರಿಯುವಾಗ ಮೊದಲೇ ಹೇಳಿ ಮುರಿಯುವುದಿಲ್ಲ. ಇಷ್ಟು ಹಳೇದಾದ್ರೆ ಹೊಸತೇ ಹಾಕುವುದು ಒಳ್ಳೇದು. ಅಲ್ಲಿ ಒಂದು ತೊಂದರೆ ಉಂಟು. ಆ ಕಾಲದ ಹ್ಯಾಂಡಲ್ ಹಿಡಿತ 26.0 ಮಿ.ಮೀ., ಈಗಿನದ್ದು 31.8. ಹ್ಯಾಂಡಲ್ ಬದಲಾಯಿಸಿದ್ರೆ ಸ್ಟೆಮ್ (ಹ್ಯಾಂಡಲನ್ನು ಹಿಡಿಯುವ ತುಂಡು) ಕೂಡ ಬದಲಾಯಿಸ್ಬೇಕು.

ಸ್ಟೆಮ್ ಬದಲಾಯಿಸುವ ಮೊದಲು ಸ್ಟಿಯರರ್ (ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಮೇಲಿನ ಕೊಳವೆ) ದಪ್ಪ ಅಳೆಯಿರಿ. ಹಳೇದಾದ್ರೆ 1 ಇಂಚು ಅಂದ್ರೆ 25.4 ಮಿ.ಮೀ., ಈಚಿನದ್ದಾದ್ರೆ 28.6. ಒಂದಿಂಚಿನದಕ್ಕೆ ಶಿಮ್ (ಸಂದಿ ತುಂಬುವ ಉಂಗುರ) ಹಾಕಿ ಈಗಿನ ಸ್ಟೆಮ್ ಕೂರಿಸ್ಲಿಕ್ಕೆ ಆಗ್ತದೆ. ಆದ್ರೆ ಫೋರ್ಕೇ ಹೋದ್ರೆ ಒಂದಿಂಚಿನ ಹೊಸ ಕಾರ್ಬನ್ ಫೋರ್ಕ್ ಸಿಗುವುದು ಕಷ್ಟ. ಸ್ಟಿಯರರ್ ಎಂಥದ್ದು ಅಂತಲೂ ನೋಡಿ: ಆಯಸ್ಕಾಂತ ಹಿಡಿದ್ರೆ ಉಕ್ಕು, ಬೆಳ್ಳಗಿದ್ರೆ ಅಲ್ಯೂಮಿನಿಯಂ, ಕಪ್ಪಿದ್ರೆ ಕಾರ್ಬನ್. ಕಾರ್ಬನ್ ಸ್ಟಿಯರರ್ ಒಳಗೆ ಹಲ್ಲಿರುವ ಸ್ಟಾರ್ ನಟ್ ಬಡಿದು ಕೂರಿಸಿದ್ರೆ ಒಳಗಿನ ಎಳೆ ಕತ್ತರಿಸಿ ಹಾಕಿದ್ದಾರೆ ಅಂತ ತಿಳ್ಕೊಳ್ಳಿ. ಅದಕ್ಕೆ ಹಿಗ್ಗುವ ಪ್ಲಗ್ಗೇ ಬೇಕು.

ಇದೇ ಕಾಲದ ಬೇರೆ ಸೈಕಲ್ ಕಣ್ಣಿಗೆ ಬಿದ್ರೆ ಅಂತ ಹೇಳ್ತೇನೆ. ಟ್ರೆಕ್ 2300, ಜೈಂಟ್ ಕೇಡೆಕ್ಸ್ 980, ಫ್ರಾನ್ಸಿನ ವಿಟುಸ್ ಕಾರ್ಬೋನ್, ಇವೆಲ್ಲ ಕಾರ್ಬನ್ ಕೊಳವೆಯನ್ನು ಅಲ್ಯೂಮಿನಿಯಂ ಲಗ್‌ಗೆ ಅಂಟಿಸಿದ್ದು. 5200ರಲ್ಲಿ ಮೂರು ಜಾಗ ನೋಡಿದ್ರೆ ಸಾಕು, ಅವುಗಳಲ್ಲಿ ಪ್ರತಿ ಕೀಲೂ ನೋಡ್ಬೇಕು. ಕೊಲ್ನಾಗೊ ಸಿ-40ರ ಲಗ್ ಕಾರ್ಬನ್ನೇ. 1996ರ ಪಾರಿ-ರೂಬೆ ರೇಸಿನಲ್ಲಿ ಮೊದಲ ಮೂರೂ ಸ್ಥಾನ ಮಾಪೆಯ್ ತಂಡದವರಿಗೆ ಬಂದದ್ದು ಅದರ ಮೇಲೆ, ಅದೂ ಕಲ್ಲುಹಾಸಿನ ದಾರಿಯಲ್ಲಿ. ಕಾರ್ಬನ್ ಅಂದ್ರೆ ಗಾಜು ಅಂತ ಹೇಳುವವರಿಗೆ ಅಷ್ಟು ಸಾಕು. ಆದ್ರೆ 450 ಡಾಲರಿಗೆ ಸಿ-40 ಸಿಕ್ಕಿದ್ರೆ ಮೊದಲು ಅನುಮಾನ ಪಡಿ.

ಸಾಧನಕೇರಿ:

ಫ್ರೇಮಿಂದು ಮುಗೀತು, ಗೇರಿಂದು ನಾ ಹೇಳ್ತೀನಿ ನೋಡ್ರಿ.

ಇಸವಿ ಅವರು ಹೇಳಿದ್ದು ನಂಬೂದು ಬ್ಯಾಡ. ಶಿಮಾನೊ ಸಾಮಾನಿನ ಮ್ಯಾಲೆ ಎರಡು ಇಂಗ್ಲಿಷ್ ಅಕ್ಷರ ಒತ್ತಿರತಾರ, ಕ್ರ್ಯಾಂಕ್ ಹಿಂಬದಿ ನೋಡ್ರಿ. ಮೊದಲನೇದು ವರ್ಷ: ಎ ಅಂದ್ರ 1976, ಅಲ್ಲಿಂದ ಎಣಿಸ್ಕೋತ ಹೋದ್ರ ಎಕ್ಸ್ 1999, ವೈ 2000, ಝಡ್ 2001. ಎರಡನೇದು ತಿಂಗಳು, ಎ ಜನವರಿ, ಎಲ್ ಡಿಸೆಂಬರ್. ಕ್ರ್ಯಾಂಕು, ಡಿರೈಲರು (ಚೈನ್ ಸರಿಸಿ ಗೇರ್ ಬದಲಿಸೂದು), ಬ್ರೇಕು ಎಲ್ಲಾ ಆಸುಪಾಸು ಇದ್ರ ಸಾಮಾನು ಮೂಲದ್ದು. ಒಂದು ಮಾತ್ರ ನಾಕು ವರ್ಷ ಈಚಿಂದು ಇದ್ರ ಅದ್ಯಾಕ ಬದಲಾತು ಅಂತ ಕೇಳ್ರಿ. ಬಿದ್ದಿರಬಹುದು.

ಚೈನು: ಸ್ಕೇಲ್ ಇಟ್ಟು ಪಿನ್ನಿಂದ ಪಿನ್ನಿಗೆ 12 ಇಂಚು ಅಳೀರಿ. ಹೊಸಾದು 304.8 ಮಿ.ಮೀ. ಬರತೈತಿ. 307 ದಾಟಿದ್ರ ಚೈನ್ ಬದಲಿ, 308 ಆಗಿದ್ರ ಹಿಂದಿನ ಕ್ಯಾಸೆಟ್ಟೂ (ಹಲ್ಲಿನ ಚಕ್ರದ ಗೊಂಚಲು) ಹೋಗೇತಿ ಅಂತ ಲೆಕ್ಕ ಹಿಡೀರಿ. 9 ಸ್ಪೀಡ್ ಚೈನು, ಕ್ಯಾಸೆಟ್ಟು ಭಾರತದಾಗೂ ಸಿಗತಾವ, ಅದಕ್ಕ ಚಿಂತಿ ಇಲ್ಲ.

ಬಲಗೈ ಲಿವರ್ ಒತ್ತಿ ಎಣಿಸ್ರಿ, 9 ಗೇರಿಗೆ 8 ಸಲ ಟಕ್ ಅನಬೇಕು. ಹತ್ತು ವರ್ಷ ನೇತುಹಾಕಿದ್ದು ಅಂದ್ರ ಒಳಗಿನ ಗ್ರೀಸ್ ಬೆಲ್ಲದ ಪಾಕ ಆಗಿ ಲಿವರ್ ಹಿಡೀದ ಹಂಗ ಜಾರತೈತಿ. ಮುರದಿಲ್ಲ ಅದು, ತೆಳ್ಳಗಿನ ಸ್ಪ್ರೇ ಹೊಡದು ನೂರು ಸಲ ಒತ್ತಿ ತೊಳೆದ್ರ ಸಾಮಾನ್ಯವಾಗಿ ಸರಿ ಆಗತೈತಿ. ಮಾರೋರಿಗೆ ಮಾತ್ರ ಇದನ್ನ ಹೇಳಬ್ಯಾಡ್ರಿ, ರೇಟ್ ಇಳಿಸಾಕ ಇರಲಿ.

ಬಾಟಂ ಬ್ರಾಕೆಟ್ಟು ಶಿಮಾನೊದ ಆಕ್ಟಾಲಿಂಕ್ ನಮೂನಿದು, ಎರಡು ಚೈನ್‌ರಿಂಗಿಂದಾದ್ರ ಆಕ್ಸಲ್ ಉದ್ದ 109.5 ಮಿ.ಮೀ. ಚೌಕ ತುದಿಯ ಹಳೇ ಕ್ರ್ಯಾಂಕ್ ಪುಲ್ಲರ್ ಹಾಕಿದ್ರ ಅದು ಆಕ್ಸಲ್ ಒಳಗ ಹೋಗತೈತಿ, ಅಗಲ ತುದಿದು ಬೇಕು. ಬಲಗಡೆ ಕಪ್ಪಿನ ಮರೆ ಉಲ್ಟಾ, ಮರೀಬ್ಯಾಡ್ರಿ. ಮತ್ತ ಬೆಟ್ಟ ಹತ್ತೂದಿದ್ರ, ಹಿಂದ 23 ಹಲ್ಲಿಂದಿದ್ರ 27ಕ್ಕ ಹೋಗ್ರಿ, ಆ ಡಿರೈಲರಿಗೆ ಶಿಮಾನೊ ಹೇಳಿದ್ದು ಅಷ್ಟೇ.

ರೋಲ್ಫ್ ಚಕ್ರ: ಕಡ್ಡಿ ಕಡಿಮೆ, ಎಳೆತ ಜಾಸ್ತಿ. ರಿಮ್ಮಿನ ತೂತಿನ ಸುತ್ತ ಬಿರುಕು ಬಂದಿರತಾವ. ಹಿಂದಿನ ಚಕ್ರ, ಪ್ರತಿ ತೂತೂ ನೋಡ್ರಿ.

ಬೆಟ್ಟದ ಹಾದಿ:

ಎಲ್ಲರಿಗೂ ಧನ್ಯವಾದ. ನೋಡಿಕೊಂಡು ಬಂದೆ. ಕ್ರ್ಯಾಂಕ್ ಮೇಲೆ ವೈ-ಡಿ, ಹಿಂದಿನ ಡಿರೈಲರ್ ವೈ-ಬಿ, ಅಂದ್ರೆ 2000 ಸರಿ. ಸೀಟ್‌ಪೋಸ್ಟ್ ಎರಡು ಸಲ ತಿರುಗಿಸಿದ ಮೇಲೆ ಬಂತು, ಸ್ವಲ್ಪ ಬಿಳಿ ಪುಡಿ ಇತ್ತು. ಬಾಟಂ ಬ್ರಾಕೆಟ್ ಅಂಚು ಶುದ್ಧ, ಭಾರ ಹಾಕಿದರೂ ಅಲುಗಲಿಲ್ಲ. ಚೈನು 308. ಸೀಟಿನ ಹತ್ತಿರ ಟಾಪ್ ಟ್ಯೂಬ್ ಮೇಲೆ ಒಂದು ಸಣ್ಣ ಗೆರೆ, ಆಲ್ಕೋಹಾಲ್ ಹಿಡಿಯಲಿಲ್ಲ, ಒತ್ತಿದರೆ ಗಟ್ಟಿ. ಬಲ ಲಿವರ್ ಐದೇ ಸಲ ಟಕ್ ಅಂತು. ಹಿಂದಿನ ರಿಮ್ಮಲ್ಲಿ ಎರಡು ತೂತಿನ ಸುತ್ತ ಬಿರುಕಿದೆ. ಸ್ಟಿಯರರ್ ಒಂದಿಂಚು. ಸ್ಟೆಮ್ ಬಿಚ್ಚೋಕೆ ಅವರು ಒಪ್ಪಲಿಲ್ಲ. 400ಕ್ಕೆ ಬಂದಿದ್ದಾರೆ.

ಐದು ನ್ಯೂಟನ್:

ಫ್ರೇಮು ಚೆನ್ನಾಗಿದೆ. ಸೈಕಲ್ 400 ಬಾಳಲ್ಲ.

ಆ ಹಿಂದಿನ ಚಕ್ರ ಓಡಿಸೋ ಹಾಗಿಲ್ಲ, ಮನೆವರೆಗೂ ಓಡಿಸಬೇಡಿ. ಹೊಸ ಚಕ್ರ 130 ಮಿ.ಮೀ. ಹಬ್ಬಿನ ರಿಮ್ ಬ್ರೇಕಿನದ್ದೇ ಬೇಕು. 11 ಸ್ಪೀಡಿನದ್ದು ಸಿಕ್ಕರೂ ಆಗುತ್ತೆ, 1.85 ಮಿ.ಮೀ. ಸ್ಪೇಸರ್ ಹಾಕಿ 9ರ ಕ್ಯಾಸೆಟ್ ಕೂರಿಸಬಹುದು. ಅದರ ಜೊತೆ ಚೈನು, ಕ್ಯಾಸೆಟ್ಟು, ಕೇಬಲ್ಲು, ಟೈರು, ಹ್ಯಾಂಡಲ್, ಸ್ಟೆಮ್. ನೀವೇ ಜೋಡಿಸಿದರೂ 250 ಡಾಲರ್ ಆಸುಪಾಸು ಕೈಬಿಡುತ್ತೆ. ರಿಮ್ಮಿನ ಬಿರುಕು ತೋರಿಸಿ 200 ಹೇಳಿ, 225ರ ಮೇಲೆ ಹೋಗಬೇಡಿ.

ಟಾಪ್ ಟ್ಯೂಬಿನ ಗೆರೆ ಬಣ್ಣದ್ದು ಅನ್ಸುತ್ತೆ. ಅದರ ಎರಡು ತುದಿಗೂ ಪೆನ್ನಲ್ಲಿ ಚುಕ್ಕೆ ಇಟ್ಟು ತಿಂಗಳಿಗೊಮ್ಮೆ ನೋಡಿ, ಚುಕ್ಕೆ ದಾಟಿದರೆ ಓಡಿಸೋದು ನಿಲ್ಲಿಸಿ. ಸೀಟ್‌ಪೋಸ್ಟಿನ ಪುಡಿ ಪೂರ್ತಿ ಒರೆಸಿ ತೆಗೆದು, ಕಾರ್ಬನ್ ಪೇಸ್ಟ್ ಹಚ್ಚಿ, 5 ನ್ಯೂಟನ್-ಮೀಟರ್‌ಗೆ ಬಿಗಿ ಮಾಡಿ. ಮೈಸೂರಲ್ಲಿ ನಿಂತೇ ಇರುತ್ತೆ ಅಂದ್ರಿ, ಹಾಗಾದರೆ ಮನೆಯವರಿಗೆ ಹೇಳಿ ಮೂರು ತಿಂಗಳಿಗೊಮ್ಮೆ ಪೋಸ್ಟ್ ಹೊರಗೆ ತೆಗೆದು ಒರೆಸಿ ಮತ್ತೆ ಹಾಕಿಸಿ.

ಪ್ಯಾಕ್ ಮಾಡುವಾಗ ಚಕ್ರ ತೆಗೆದ ಮೇಲೆ ಡ್ರಾಪ್‌ಔಟ್ ನಡುವೆ ಹಿಂದೆ 130, ಮುಂದೆ 100 ಮಿ.ಮೀ. ಮರದ ತುಂಡು ಕೊಡಿ, ಡಿರೈಲರ್ ಬಿಚ್ಚಿ ಸುತ್ತಿಡಿ. ಪೆಟ್ಟಿಗೆ ಮೇಲೆ ಯಾರಾದರೂ ಭಾರ ಹಾಕಿದರೆ ಮೊದಲು ಅದುಮೋದು ಸ್ಟೇಗಳನ್ನೇ. ಎಡ ಪೆಡಲ್ ಮರೆಯೂ ಉಲ್ಟಾ.

ಆದರೆ ಸ್ಟೆಮ್ ಬಿಚ್ಚದೆ ದುಡ್ಡು ಕೊಡಬೇಡಿ. ಎರಡು ಬೋಲ್ಟ್, ಮೇಲಿನ ಕ್ಯಾಪ್, ಐದು ನಿಮಿಷದ ಕೆಲಸ. ಸ್ಟೆಮ್ ಹಿಡಿದಿದ್ದ ಜಾಗದಲ್ಲಿ ಸ್ಟಿಯರರ್ ಸುತ್ತ ಅದುಮಿದ ಗೆರೆ ಇದೆಯಾ, ಫೋರ್ಕ್ ಕೆಳಗೆ ಎಳೆದು ಕ್ರೌನ್ (ಫೋರ್ಕಿನ ಎರಡು ಕಾಲು ಸೇರೋ ಜಾಗ) ಬುಡದಲ್ಲಿ ಬಿರುಕಿದೆಯಾ ನೋಡಿ. ಆಗಲೂ ಬಿಚ್ಚಲ್ಲ ಅಂದ್ರೆ 100 ಡಾಲರಿಗೂ ಬೇಡ.

ಸಾಧನಕೇರಿ:

ಲಿವರ್ ಐದು ಸಲ ಟಕ್ ಅಂದದ್ದೂ ಲೆಕ್ಕಕ್ಕ ಹಿಡೀರಿ. 200 ಅನ್ನೂದು ಸರಿ ಐತಿ.